ಅಮ್ಮನಿಗೆ ಬೇಕಾಗಿದ್ದ ಕೆಮ್ಮು

"ಅಂಕಿತಾ, ಈ ಗೆರೆ ನಿನ್ನೆ ಇನ್ನೂ ಕೆಳಗಿತ್ತಲ್ಲ?"

ಮಹಡಿ ಮೆಟ್ಟಿಲಿನ ತುದಿಯಲ್ಲಿ ನಿಂತು ಅಮ್ಮ ಕೇಳಿದಳು. ಮುಖಕ್ಕೆ ಮಾಸ್ಕ್ ಇತ್ತು. ಆದರೂ ಅವಳ ಹುಬ್ಬು ಮೇಲೇರಿದ್ದು ಅಂಕಿತಾಗೆ ಚೆನ್ನಾಗಿ ಕಂಡಿತು.

"ಇಲ್ಲಮ್ಮ, ಇಲ್ಲೇ ಇತ್ತು," ಎಂದು ಅಂಕಿತಾ ಸೀಮೆಸುಣ್ಣ ಹಿಡಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಗೆರೆಗೆ ಕಾಲು ಬಂದೈತಾ ಹಂಗಾದ್ರೆ?"

ಗೆರೆ ಎಳೆದಿದ್ದು ಅಜ್ಜಿ. ಅಮ್ಮ ಬಂದ ದಿನವೇ ಕೆಳಗಿನ ಮೆಟ್ಟಿಲ ಮೇಲೆ ಎಳೆದು, "ಇದನ್ನ ದಾಟಿದ್ರೆ ಕಾಲು ಮುರೀತೀನಿ" ಎಂದಿದ್ದರು. ಅಜ್ಜಿ ಯಾರ ಕಾಲನ್ನೂ ಮುರಿದವರಲ್ಲ. ಆದ್ದರಿಂದ ಅಂಕಿತಾ ದಿನಾ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದು ಮೆಟ್ಟಿಲು ಮೇಲೆ ಎಳೆಯುತ್ತಿದ್ದಳು. ಹೀಗೇ ಹೋದರೆ ಗೆರೆ ಅಮ್ಮನ ರೂಮಿನೊಳಗೇ ಹೋಗುತ್ತದೆ ಎಂಬುದು ಅವಳ ಲೆಕ್ಕವಾಗಿತ್ತು.

"ಕೆಳಗಿಳಿ," ಎಂದಳು ಅಮ್ಮ. "ಇಲ್ಲಾಂದ್ರೆ ಅಜ್ಜೀನ ಕರೀತೀನಿ."

ಅಂಕಿತಾ ಇಳಿದಳು. ತುಂಬ ನಿಧಾನವಾಗಿ ಇಳಿದಳು.

ಅಮ್ಮ ವಾಣಿಶ್ರೀ ಮಸ್ಕತ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ಕೊರೊನಾ ಬಂದು ವಿಮಾನಗಳು ನಿಂತುಹೋದ ಮೇಲೆ ಅವಳು ಹರಿಹರಕ್ಕೆ ಬರಲು ಆಗಿಯೇ ಇರಲಿಲ್ಲ. ಈಗ ಬಂದಿದ್ದಳು. ಆದರೆ ಸಿಕ್ಕಿದ್ದು ಒಂದೇ ತಿಂಗಳ ರಜೆ. ಬಂದವಳ ಕೈಗೆ ನೀಲಿ ಮುದ್ರೆ ಒತ್ತಿದ್ದರು. ಮನೆಯ ಬಾಗಿಲಿಗೆ "ಹೋಮ್ ಕ್ವಾರಂಟೈನ್" ಎಂಬ ಚೀಟಿ ಅಂಟಿಸಿದ್ದರು. ಅರ್ಧ ರಜೆ ಮಹಡಿಯ ರೂಮಿನಲ್ಲೇ ಮುಗಿಯಬೇಕಿತ್ತು.

ಅಪ್ಪ ಕೊಟ್ರೇಶ್‌ಗೆ ದಾವಣಗೆರೆಯಲ್ಲಿ ಕೆಲಸ. ಕ್ವಾರಂಟೈನ್ ಮನೆಯಿಂದ ಓಡಾಡಬಾರದು ಎಂದು ಅಪ್ಪ ಶಾಮನೂರಿನಲ್ಲಿ ಅಂಕಿತಾಳ ಅತ್ತೆಯ ಮನೆಯಲ್ಲಿ ಉಳಿದಿದ್ದ. ಸಂಜೆ ಬೈಕಿನಲ್ಲಿ ಬಂದು ಬೀದಿಯ ಆಚೆ ಬದಿ ನಿಲ್ಲುತ್ತಿದ್ದ. ಅಲ್ಲಿಂದ ಅವನು ಕೂಗುವುದು, ಮಹಡಿಯಿಂದ ಅಮ್ಮ ಕೂಗುವುದು. ಹೀಗಾಗಿ ಅಮ್ಮ ಮಧ್ಯಾಹ್ನ ಏನು ಉಂಡಳು ಎಂಬುದು ಇಡೀ ಓಣಿಗೆ ಗೊತ್ತಿರುತ್ತಿತ್ತು.

ಎಲ್ಲರಿಗೂ ಅಮ್ಮ ಸಿಕ್ಕಿದ್ದಳು. ಯಾರಿಗೂ ಸಿಕ್ಕಿರಲಿಲ್ಲ.

ದಿನಾ ಬೆಳಿಗ್ಗೆ ಆಶಾ ಕಾರ್ಯಕರ್ತೆ ಭವ್ಯಕ್ಕ ಬರುತ್ತಿದ್ದಳು. ಕೆಲಸಕ್ಕೆ ಹೊಸಬಳು. ಮಾಸ್ಕ್ ಮೇಲೆ ಮಾಸ್ಕ್, ಅದರ ಮೇಲೆ ಪ್ಲಾಸ್ಟಿಕ್ಕಿನ ಪರದೆ ಹಾಕಿಕೊಂಡು, ಗೇಟಿನ ಹೊರಗೇ ನಿಂತು ಕೇಳುತ್ತಿದ್ದಳು.

"ಜ್ವರ ಐತೇನ್ರಿ ಸಿಸ್ಟರ್?"

"ಇಲ್ರಿ," ಎನ್ನುತ್ತಿದ್ದಳು ಅಮ್ಮ ಮಹಡಿಯಿಂದ.

"ಕೆಮ್ಮು?"

"ಇಲ್ರಿ."

ಅವತ್ತು ಭವ್ಯಕ್ಕ ಒಂದು ಮಾತು ಸೇರಿಸಿದಳು. "ಹುಷಾರಾಗಿರ್ರಿ. ಈಗ ಕೆಮ್ಮು ಗಿಮ್ಮು ಬಂತು ಅಂದ್ರೆ ಟೆಸ್ಟು, ಮತ್ತೆ ಮೊದಲಿಂದ ಕ್ವಾರಂಟೈನು. ಪ್ಲೇನೂ ಹೋತು, ವೀಸಾನೂ ಹೋತು."

"ಗೊತ್ರಿ," ಎಂದಳು ಅಮ್ಮ. "ಹೇಳಿದ ತಾರೀಖಿನೊಳಗೆ ನಾನು ಅಲ್ಲಿ ಇಲ್ಲಾಂದ್ರೆ ವೀಸಾ ಕ್ಯಾನ್ಸಲ್. ಆಮೇಲೆ ಇಲ್ಲೇ ಕೂಡ್ರಬೇಕು."

ಗೇಟಿನ ಪಕ್ಕದ ಕಟ್ಟೆಯ ಮೇಲೆ ಅಂಕಿತಾ ಮೊಬೈಲ್ ಹಿಡಿದು ಕೂತಿದ್ದಳು. ಆನ್‌ಲೈನ್ ಕ್ಲಾಸ್ ನಡೆಯುತ್ತಿತ್ತು. ಟೀಚರ್ ದಶಮಾಂಶದ ಬಗ್ಗೆ ಏನೋ ಹೇಳುತ್ತಿದ್ದರು. ಅಂಕಿತಾಗೆ ಕೇಳಿಸಿದ್ದು ಒಂದೇ ಮಾತು.

ಇಲ್ಲೇ ಕೂಡ್ರಬೇಕು.

ಅದಕ್ಕೆ ಬೇಕಾಗಿದ್ದು ಬರೀ ಒಂದು ಕೆಮ್ಮು.

ಹಿತ್ತಲಿನ ಪಕ್ಕದ ಗೋಡೆಯ ಆಚೆ ನಿಖತ್ ಮನೆ. ಇಬ್ಬರೂ ಒಂದೇ ಕ್ಲಾಸು. ಕ್ವಾರಂಟೈನ್ ಶುರುವಾದಾಗಿನಿಂದ ಅವಳು ಆ ಕಡೆ, ಇವಳು ಈ ಕಡೆ. ಗೋಡೆಯ ಮೇಲೆ ನಿಖತಳ ಕಣ್ಣು ಮತ್ತು ಜಡೆ ಮಾತ್ರ ಕಾಣುತ್ತಿದ್ದವು.

"ಕೆಮ್ಮು ಹೆಂಗೆ ಬರ್ಸೋದು?" ಎಂದು ಅಂಕಿತಾ ಪಿಸುಗುಟ್ಟಿದಳು.

"ಐಸ್‌ಕ್ರೀಮ್ ಕೊಡು."

"ಅಮ್ಮ ನರ್ಸು. ತಿನ್ನಲ್ಲ."

ನಿಖತ್ ಯೋಚಿಸಿದಳು. ಅವಳು ದಾದಾ ಎನ್ನುತ್ತಿದ್ದ ಅಜ್ಜ ಮಸ್ತಾನಸಾಬರು ಮಿರ್ಚಿ ಮಂಡಕ್ಕಿಯ ಗಾಡಿ ಇಟ್ಟುಕೊಂಡಿದ್ದರು. ಕೆಮ್ಮಿನ ವಿಷಯ ಅವಳ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಕೆಂಡಕ್ಕೆ ಒಣಮೆಣಸಿನಕಾಯಿ ಹಾಕು. ದಾದಾ ಖಾರ ಹುರಿಯೋವಾಗ ನಾವೆಲ್ಲ ರೋಡಿಗೆ ಓಡ್ತೀವಿ."

"ನಮ್ಮನೇಲಿ ಬ್ಯಾಡಗಿ ಮೆಣಸಿನಕಾಯಿ ಐತೆ."

"ಬ್ಯಾಡಗಿ ಬ್ಯಾಡ," ಎಂದಳು ನಿಖತ್ ದೊಡ್ಡವರ ಹಾಗೆ. "ಅದು ಬರೀ ಬಣ್ಣ. ಗುಂಟೂರು ಬೇಕು. ನಾನು ಕೊಡ್ತೀನಿ."

ಮರುದಿನ ಬೆಳಿಗ್ಗೆ ಗೋಡೆಯ ಆಚೆಯಿಂದ ಒಂದು ಕಾಗದದ ಪೊಟ್ಟಣ ಹಾರಿ ಬಂದು ತುಳಸಿ ಗಿಡದ ಬುಡಕ್ಕೆ ಬಿತ್ತು.

ಹಿತ್ತಲಿನಲ್ಲಿ ಸ್ನಾನದ ನೀರು ಕಾಯಿಸುವ ಒಲೆ ಇತ್ತು. ಅದರ ನೇರ ಮೇಲೆ ಅಮ್ಮನ ಕಿಟಕಿ. ಅಜ್ಜಿಯ ಸ್ನಾನ ಮುಗಿದಿತ್ತು. ಒಲೆಯಲ್ಲಿ ಕೆಂಡ ಕೆಂಪಗೆ ಹೊಳೆಯುತ್ತಿತ್ತು. ಅಂಕಿತಾ ಕಿವಿ ನಿಮಿರಿಸಿ ಕಾದಳು. ಗೇಟಿನ ಸದ್ದಾಯಿತು.

"ಸಿಸ್ಟರ್, ಜ್ವರ ಐತೇನ್ರಿ?"

ಎರಡು ಮೆಣಸಿನಕಾಯಿ ಸಾಕು ಎಂದು ನಿಖತ್ ಹೇಳಿದ್ದಳು. ಅಂಕಿತಾ ಪೊಟ್ಟಣವನ್ನು ಪೂರ್ತಿ ಸುರಿದಳು.

ಮೊದಲು ಚಟಪಟ ಎಂದಿತು. ಆಮೇಲೆ ತೆಳ್ಳನೆಯ ನೀಲಿ ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಅಂಕಿತಾ ಫ್ರಾಕಿನ ಅಂಚಿನಿಂದ ಮೂಗು ಮುಚ್ಚಿಕೊಂಡು ಬಾವಿಕಟ್ಟೆಯ ಹಿಂದೆ ಕೂತಳು.

ಮಹಡಿಯಿಂದ ಒಂದು ಕೆಮ್ಮು ಕೇಳಿಸಿತು. ಆಮೇಲೆ ಇನ್ನೊಂದು. ಆಮೇಲೆ ನಿಲ್ಲದ ಕೆಮ್ಮು. ಅಂಕಿತಾಗೆ ಕುಣಿಯುವಂತಾಯಿತು.

ಆದರೆ ಅಷ್ಟರಲ್ಲಿ ಹೊಳೆಯ ಕಡೆಯಿಂದ ಗಾಳಿ ಬೀಸಿತು. ಹೊಗೆ ಬಾಗಿತು. ಮನೆಯ ಸಂದಿಯಲ್ಲಿ ನುಗ್ಗಿ ಸೀದಾ ಬೀದಿಗೆ ಹೋಯಿತು.

ಮೊದಲು ಅಡುಗೆಮನೆಯಲ್ಲಿ ಅಜ್ಜಿ ಕೆಮ್ಮಿದರು. ಆಮೇಲೆ ಗೇಟಿನ ಹತ್ತಿರ ಭವ್ಯಕ್ಕ. ಎದುರುಮನೆಯ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಪರಮೇಶ್ವರಪ್ಪನವರು ಕೆಮ್ಮುತ್ತಾ ಪೇಪರ್ ಸಮೇತ ಒಳಗೆ ಓಡಿದರು. ಹಾಲಿನವನು ಕೆಮ್ಮುತ್ತಲೇ ಸೈಕಲ್ ತಿರುಗಿಸಿದ. ಗಟಾರದ ಪಕ್ಕ ಮಲಗಿದ್ದ ನಾಯಿ ಎದ್ದು ಮೂರು ಸಲ ಸೀನಿತು.

ಮಸ್ತಾನಸಾಬರು ಮನೆ ಮುಂದೆ ಗಾಡಿ ಒರೆಸುತ್ತಿದ್ದರು. ಲಾಕ್‌ಡೌನಿನಲ್ಲಿ ಮೂಲೆಗೆ ಬಿದ್ದಿದ್ದ ಗಾಡಿಯನ್ನು ಅವರು ಹೊರಗೆ ತೆಗೆದು ಇನ್ನೂ ಒಂದು ವಾರವೂ ಆಗಿರಲಿಲ್ಲ. ಅವರಿಗೂ ಕೆಮ್ಮು ಹತ್ತಿತು.

ಭವ್ಯಕ್ಕ ಗಾಬರಿಯಿಂದ ಅವರ ಕಡೆ ತಿರುಗಿದಳು. "ಅಜ್ಜಾ, ನಿಮಗೂ ಕೆಮ್ಮೈತಾ? ಯಾವಾಗಿಂದ?"

"ಈಗ... ಈಗಿಂದ... ಮೆಣ... ಮೆಣ..." ಮಸ್ತಾನಸಾಬರಿಗೆ ಮಾತು ಮುಗಿಸಲು ಆಗಲಿಲ್ಲ.

"ಮೈನೋವೂ ಐತಾ?"

ಮಸ್ತಾನಸಾಬರು ಎರಡೂ ಕೈ ಅಲ್ಲಾಡಿಸಿದರು. ಭವ್ಯಕ್ಕ ಅದನ್ನು ಕೈನೋವು ಎಂದು ತಿಳಿದಳು. ಫೋನ್ ತೆಗೆದಳು.

"ಸರ್, ಭವ್ಯಾ ಮಾತಾಡೋದು. ಕ್ವಾರಂಟೈನ್ ಮನೆ ಓಣೀಲಿ ಎಲ್ರಿಗೂ ಕೆಮ್ಮು ಸರ್. ಎಲ್ರಿಗೂ. ನಂಗೂ ಬಂದೈತೆ ಸರ್." ಅವಳ ದನಿ ಅಳುವಂತಿತ್ತು. "ಆತು ಸರ್. ಓಣಿ ಬಂದ್ ಮಾಡಿಸ್ತೀನಿ ಸರ್."

ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು ಅವಳು ಕೂಗಿ ಹೇಳಿದಳು. "ಯಾರೂ ಹೊರಗೆ ಹೋಗಂಗಿಲ್ರಿ. ಎಲ್ರಿಗೂ ಟೆಸ್ಟ್ ಆಗಬೇಕು. ಅಜ್ಜಾ, ಗಾಡಿ ಒಳಗೆ ತಳ್ರಿ. ರಿಸಲ್ಟ್ ಬರೋತನಕ ಮಿರ್ಚಿ ಇಲ್ಲ."

ಮಸ್ತಾನಸಾಬರ ಕೆಮ್ಮು ನಿಂತೇ ಹೋಯಿತು. ಅವರು ಒರೆಸುತ್ತಿದ್ದ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಗಾಡಿಯ ಹಿಡಿಗೆ ಕೈ ಹಾಕಿದರು. ಗಾಡಿ ಭಾರವಾಗಿತ್ತು. ಅವರು ಅದನ್ನು ಹಿಂದಕ್ಕೆ ತಳ್ಳತೊಡಗಿದರು.

ಅಂಕಿತಾ ಅಷ್ಟು ಹೊತ್ತಿಗೆ ಗೇಟಿನ ಒಳಗೆ ಬಂದು ನಿಂತಿದ್ದಳು. ಪಕ್ಕದ ಮನೆಯ ಬಾಗಿಲಲ್ಲಿ ನಿಖತ್ ನಿಂತಿದ್ದಳು. ಅವಳು ದಾದಾನನ್ನು ನೋಡಿದಳು, ಆಮೇಲೆ ಅಂಕಿತಾಳನ್ನು ನೋಡಿದಳು.

ಸುಮ್ಮನಿದ್ದರೆ ಅಮ್ಮ ಇಲ್ಲೇ ಉಳಿಯುತ್ತಾಳೆ. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು. ಅಂಕಿತಾ ಹಲ್ಲು ಕಚ್ಚಿ ಸುಮ್ಮನೆ ನಿಂತಳು.

ಗಾಡಿಯ ಚಕ್ರ ಹೊಸ್ತಿಲ ಕಲ್ಲಿಗೆ ತಾಗಿ ನಿಂತಿತು. ಮಸ್ತಾನಸಾಬರು ಬಗ್ಗಿ ಅದನ್ನು ಎತ್ತಲು ನೋಡಿದರು.

"ಭವ್ಯಕ್ಕಾ, ಅದು ಕೊರೊನಾ ಅಲ್ಲ," ಎಂದಳು ಅಂಕಿತಾ. "ಮೆಣಸಿನಕಾಯಿ. ನಾನೇ ಒಲೆಗೆ ಹಾಕ್ದೆ."

ಭವ್ಯಕ್ಕ ಕಣ್ಣು ಒರೆಸಿಕೊಂಡಳು. "ಪುಟ್ಟಿ, ಓಣಿ ಬಂದ್ ಆಗ್ತೈತೆ ಅಂತ ಸುಳ್ಳು ಹೇಳಬಾರ್ದು."

ಅಂಕಿತಾ ಎಷ್ಟೋ ಸುಳ್ಳು ಹೇಳಿದ್ದಳು, ಎಲ್ಲರೂ ನಂಬಿದ್ದರು. ಇವತ್ತು ನಿಜ ಹೇಳಿದರೆ ನಂಬುವವರೇ ಇರಲಿಲ್ಲ.

"ನಿಜ ಅಕ್ಕಾ. ಗುಂಟೂರು ಮೆಣಸಿನಕಾಯಿ."

ಆಗ ಮಹಡಿಯಿಂದ ಅಮ್ಮನ ದನಿ ಬಂತು. ಕೆಮ್ಮಿ ಕೆಮ್ಮಿ ಅದು ಒಡೆದುಹೋಗಿತ್ತು.

"ಭವ್ಯಾರೆ, ಫೋನ್ ಇಡಬ್ಯಾಡ್ರಿ, ಸಾಹೇಬ್ರು ಲೈನಲ್ಲೇ ಇರ್ಲಿ. ಮೊದ್ಲು ದೂರ ಹೋಗಿ ನಿಂತು, ಮಾಸ್ಕ್ ಸ್ವಲ್ಪ ಸರಿಸಿ ಮೂಸಿ ನೋಡ್ರಿ. ವಾಸನೆ ಏನಾದ್ರೂ ಬರ್ತೈತಾ?"

ಭವ್ಯಕ್ಕ ದೂರ ಹೋಗಿ ಪರದೆ ಎತ್ತಿದಳು. ಒಂದು ಮಾಸ್ಕ್ ಸರಿಸಿದಳು. ಇನ್ನೊಂದನ್ನೂ ಸರಿಸಿದಳು. ಮೂಸಿದಳು. ಅವಳ ಮುಖ ನಿಧಾನವಾಗಿ ಬದಲಾಯಿತು.

"ಮೆಣಸಿನಕಾಯಿ ಘಾಟು," ಎಂದಳು.

"ಪರಮೇಶ್ವರಪ್ಪಾರೆ, ನಿಮಗೆ?" ಎಂದು ಅಮ್ಮ ಕೇಳಿದಳು.

"ನಂಗೆ ಆಗ್ಲೇ ಗೊತ್ತಾಗಿತ್ತಮ್ಮ," ಎಂದರು ಅವರು ಕಿಟಕಿಯ ಒಳಗಿನಿಂದ. "ಹೇಳಾಕೆ ಉಸಿರೇ ಇರ್ಲಿಲ್ಲ."

"ನಾನೂ ಅದನ್ನೇ ಹೇಳ್ತಿದ್ದೆ," ಎಂದರು ಮಸ್ತಾನಸಾಬರು. "ಮೆಣಸಿನಕಾಯಿ ಅಂದ್ರೆ ಈಯಮ್ಮ ಮೈನೋವು ಅಂದ್ಲು."

ಭವ್ಯಕ್ಕ ಫೋನಿನ ಕಡೆ ತಿರುಗಿದಳು. "ಸರ್, ಅದು ಮೆಣಸಿನಕಾಯಿ ಸರ್. ಹೌದು ಸರ್, ತಿನ್ನೋ ಮೆಣಸಿನಕಾಯೇ. ಇಲ್ಲ ಸರ್, ಓಣಿ ಬಂದ್ ಬ್ಯಾಡ ಸರ್. ಒಂದು ಹುಡುಗಿ ಸರ್." ಅವಳು ಅಂಕಿತಾಳನ್ನು ದಿಟ್ಟಿಸಿ ನೋಡಿದಳು. "ಹೇಳ್ತೀನಿ ಸರ್. ಜೋರಾಗೇ ಹೇಳ್ತೀನಿ."

ಜೋರಾಗೇ ಹೇಳಿದಳು. ಆಮೇಲೆ ಅಜ್ಜಿ ಸರ್ವಮಂಗಳಮ್ಮನವರು ಇನ್ನೂ ಜೋರಾಗಿ ಹೇಳಿದರು. ಮಸ್ತಾನಸಾಬರು ಬೈಯಲಿಲ್ಲ. ಗಾಡಿಯ ಕೆಳಗಿನ ಡಬ್ಬಿ ತೆಗೆದು ನೋಡಿ, "ನನ್ನ ಗುಂಟೂರು ಮೆಣಸಿನಕಾಯಿ ಅರ್ಧ ಡಬ್ಬಿ ಎಲ್ಲಿ ಹೋತು?" ಎಂದರು. ಬಾಗಿಲಲ್ಲಿದ್ದ ನಿಖತ್ ಅಲ್ಲಿ ಇರಲೇ ಇಲ್ಲವೇನೋ ಎಂಬಂತೆ ಮಾಯವಾದಳು.

ಗಾಡಿ ಮಾತ್ರ ಬೀದಿಯ ತುದಿಯ ಕಡೆ ಹೊರಟಿತು.

ಒಲೆಯನ್ನೂ ಹಿತ್ತಲನ್ನೂ ಪೂರ್ತಿ ತೊಳೆಯಬೇಕೆಂದು ಅಜ್ಜಿ ಆಜ್ಞೆ ಮಾಡಿದರು. ಅಂಕಿತಾ ಬೂದಿ ಬಳಿಯುತ್ತಿದ್ದಳು. ಕಣ್ಣು ಇನ್ನೂ ಉರಿಯುತ್ತಿತ್ತು. ಮೇಲಿನ ಕಿಟಕಿಯಲ್ಲಿ ಅಮ್ಮ ಬಂದು ನಿಂತಳು. ಅವಳ ಕಣ್ಣೂ ಕೆಂಪಾಗಿತ್ತು.

"ಎಷ್ಟು ಹಾಕಿದ್ದೆ?"

"ಪೂರ್ತಿ ಪೊಟ್ಟಣ."

"ಶಭಾಷ್." ಅಮ್ಮ ನಗು ತಡೆಯುತ್ತಿದ್ದಾಳೋ ಕೆಮ್ಮು ತಡೆಯುತ್ತಿದ್ದಾಳೋ ಗೊತ್ತಾಗಲಿಲ್ಲ. "ನಂಗೆ ಕೆಮ್ಮು ಬರ್ಲಿ ಅಂತಾನಾ?"

ಅಂಕಿತಾ ತಲೆ ಎತ್ತದೆ ಹೂಂ ಎಂದಳು. "ವೀಸಾ ಹೋಗ್ಲಿ ಅಂತ."

ಅಮ್ಮ ಕಿಟಕಿಯ ಸರಳು ಹಿಡಿದು ಕೆಳಗೆ ಬಗ್ಗಿದಳು. ಆಮೇಲೆ ಹೇಳಿದಳು. "ನನ್ನ ಜೊತೆ ನಸೀಮಾ ಅಂತ ಒಬ್ಬಳು ಅದಾಳೆ. ಈಗ ನನ್ನ ಡ್ಯೂಟೀನೂ ಅವಳೇ ಮಾಡ್ತಿದಾಳೆ. ನಾನು ಹೋದ್ಮೇಲೆ ಅವಳಿಗೆ ರಜೆ. ಅವಳ ಮಗ ನಡೆಯೋಕೆ ಕಲ್ತಾನಂತೆ. ಅವಳು ಅದನ್ನ ಫೋನಲ್ಲೇ ನೋಡಿದ್ದು."

ಅಂಕಿತಾ ಪೊರಕೆ ನಿಲ್ಲಿಸಿದಳು. ಯಾವುದೋ ಊರಿನ ಯಾವುದೋ ಮನೆಯಲ್ಲಿ ತಟ್ಟಾಡುತ್ತಾ ನಡೆಯುವ ಒಂದು ಮಗು ಕಣ್ಣಮುಂದೆ ಬಂತು. ಅದಕ್ಕೆ ಅವರಮ್ಮ ಎಷ್ಟು ದೊಡ್ಡವಳು ಎಂದು ಗೊತ್ತಿರಲಿಕ್ಕಿಲ್ಲ. ಫೋನಿನಷ್ಟೇ ಇದ್ದಾಳೆ ಎಂದುಕೊಂಡಿರಬಹುದು.

"ಅಮ್ಮಾ, ಮೆಣಸಿನಕಾಯಿ ಅಂತ ನಿಂಗೆ ಯಾವಾಗ ಗೊತ್ತಾತು?"

"ಚಟಪಟ ಅಂದಾಗ್ಲೇ."

"ಮತ್ತೆ ಕಿಟಕಿ ಯಾಕ ಮುಚ್ಚಲಿಲ್ಲ?"

ಅಮ್ಮ ನೀಲಿ ಮುದ್ರೆಯ ಕೈಯಿಂದ ಮಾಸ್ಕ್ ಸರಿಮಾಡಿಕೊಂಡಳು. ಅದು ಸರಿಯಾಗೇ ಇತ್ತು. ಆದರೂ ಇನ್ನೊಮ್ಮೆ ಸರಿಮಾಡಿಕೊಂಡಳು.

"ಮುಚ್ಚೋಣ ಅಂತ ಕೈ ಇಟ್ಟಿದ್ದೆ," ಎಂದಳು ಕೊನೆಗೆ. "ಆಮೇಲೆ ಯಾಕೋ ಸುಮ್ನೆ ನಿಂತೆ."

ಅಂಕಿತಾ ಅವಳನ್ನೇ ನೋಡಿದಳು. ಅಮ್ಮ ಹೊಳೆಯ ಕಡೆ ನೋಡುತ್ತಿದ್ದಳು.

ಅಂಕಿತಾ ಬಕೆಟ್ಟಿನ ನೀರನ್ನು ಒಲೆಯ ಬಾಯಿಗೆ ಸುರಿದಳು. ಉಳಿದಿದ್ದ ಒಂದೆರಡು ಕೆಂಡ ಚುಂಯ್ ಎಂದು ಆರಿದವು. ಬಗ್ಗಿ ಒಳಗೆಲ್ಲ ನೋಡಿ, ಏನೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡಳು.

ಆಮೇಲೆ ಮೇಲೆ ನೋಡಿ, ಅಜ್ಜಿಗೆ ಕೇಳಿಸದಂತೆ ಮೆಲ್ಲಗೆ ಹೇಳಿದಳು.

"ನಾಳೆ ಭವ್ಯಕ್ಕ ಬಂದಾಗ ಕೆಮ್ಮಬ್ಯಾಡಮ್ಮ."