ಬಾಗಿಲಿಂದಲೇ ಬಾ

"ಏಯ್, ಹೊರಗೆ ಹೋಗು! ನನ್ನ ಅಡುಗೆಮನೇಲಿ ನಿಂತಿದೀಯ!"

ಹಾಗಂದವಳು ಕೂತಿದ್ದದ್ದು ಬಟ್ಟಬಯಲಲ್ಲಿ. ಕಣ್ಣು ಹಾಯುವ ತನಕ ಹುಲ್ಲು, ಕುರಿ, ಅಕ್ಟೋಬರಿನ ಬೂದಿ ಬಣ್ಣದ ಆಕಾಶ. ಗೋಡೆಯಿಲ್ಲ, ಸೂರಿಲ್ಲ, ಒಲೆಯಂತೂ ಇಲ್ಲವೇ ಇಲ್ಲ. ಹೆಗಲ ಮೇಲೆ ಬೇಲಿಗೂಟ ಹೊತ್ತ ನಾನು ಹಾಗೇ ನಿಂತೆ. ಯಾರೋ ಪಟ್ಟಣದ ಹುಡುಗಿ ಕುರಿಗಳ ನಡುವೆ ಬುತ್ತಿ ಬಿಚ್ಚಿದ್ದಾಳೆ, ಗದರಿಸಿ ಓಡಿಸೋಣ ಅಂತ ಬಂದವನು ನಾನು. ಗದರಿಸಿಕೊಂಡವನೂ ನಾನೇ ಆದೆ.

"ಇದು ಎಸ್ಟೇಟಿನ ಜಾಗ. ಇಲ್ಲಿ ಯಾರೂ ಬರೋ ಹಾಗಿಲ್ಲ," ಅಂದೆ.

"ನೀನು ಬಂದಿದೀಯಲ್ಲ?"

"ನಾನು ಕುರಿ ನೋಡ್ಕೊಳ್ಳೋನು."

"ಓಹೋ, ಕುರಿ ಪಾರ್ಟಿ!" ಅವಳು ತಲೆಯೆತ್ತಿದಳು. ಒಂದು ಹುಬ್ಬು ಮೇಲೆ ಹೋಯಿತು, ಇನ್ನೊಂದು ಅಲ್ಲೇ ಉಳಿಯಿತು. ತುಟಿಯಂಚಿನಲ್ಲಿ ಚೀಸಿನ ಚೂರು. "ಇಲ್ಲಿದ್ದ ಜನಾನೆಲ್ಲ ಓಡಿಸಿದ್ದು ನಿಮ್ಮೋರೇ. ಈಗ ನನ್ನೊಬ್ಬಳನ್ನ ಓಡಿಸೋಕೆ ಬಂದಿದೀಯ. ನಾಚ್ಕೆ ಆಗಲ್ವಾ?"

ಅವಳು ಹೇಳಿದ್ದು ಸುಳ್ಳಲ್ಲ. ಐನೂರು ವರ್ಷದ ಹಿಂದೆ ಅದು ಸ್ಕಾರ್ಬಿ ಅನ್ನುವ ಊರು. ಅಲ್ಲಿನ ದೊರೆಯ ಕಣ್ಣಿಗೆ ಜನರಿಗಿಂತ ಉಣ್ಣೆ ಚೆನ್ನಾಗಿ ಕಂಡಿತು. ಜನರನ್ನು ಎಬ್ಬಿಸಿದ, ಮನೆ ಕೆಡವಿಸಿದ, ಕುರಿ ಬಿಟ್ಟ. ಈಗ ಉಳಿದಿರುವುದು ಹೂತುಹೋದ ಮನೆಗೋಡೆಗಳ ಮೇಲೆದ್ದ ಮೊಣಕಾಲೆತ್ತರದ ಹುಲ್ಲುದಿಬ್ಬಗಳು, ಅವುಗಳ ನಡುವೆ ಹಳ್ಳದ ಹಾಗೆ ತಗ್ಗಿಹೋದ ಒಂದು ಬೀದಿ, ನೀರಿಲ್ಲದ ಮೀನುಕೊಳ. ಮನುಷ್ಯರು ಬಾಳಿದ ಕಡೆಯೆಲ್ಲ ಇವತ್ತಿಗೂ ಹಟ ಹಿಡಿದು ಏಳುವ ತುರಚೆ ಗಿಡ. ಆ ದೊರೆಯ ವಂಶದವರದ್ದೇ ಎಸ್ಟೇಟು. ನಾನು ದಿನಾ ಮೇಯಿಸುತ್ತಿದ್ದದ್ದು ಅವರ ಕುರಿಗಳನ್ನೇ.

"ಈ ಮನೆ ಬಾಗಿಲು ದಕ್ಷಿಣಕ್ಕಿದೆ. ಅಲ್ಲಿ ದಿಬ್ಬ ಕಡಿದಿದೆ ನೋಡು. ಸುತ್ತು ಹಾಕ್ಕೊಂಡು ಬಾಗಿಲಿಂದ ಬಾ. ಬೂಟು ಒರೆಸ್ಕೊಂಡು ಬಾ," ಅಂದಳು.

ಯಾಕೆ ಹೋದೆನೋ ಇವತ್ತಿಗೂ ಗೊತ್ತಿಲ್ಲ. ಮೇಷ್ಟ್ರು ಹೇಳಿದ ಮಾತನ್ನೇ ಕೇಳದೆ ಸ್ಕೂಲು ಬಿಟ್ಟವನು, ಅವಳ ಒಂದು ಮಾತಿಗೆ ಸುತ್ತು ಹಾಕಿಕೊಂಡು ಹೋಗಿ, ಇಲ್ಲದ ಹೊಸ್ತಿಲಲ್ಲಿ ಬೂಟು ಒರೆಸಿ, ಒಳಗೆ ಬಂದೆ.

ಅವಳು ತನ್ನ ಬನ್ನನ್ನು ಮುರಿದು ಕೈಗಿಟ್ಟಳು. "ಗೋಡೆ ಹಾಯ್ದು ಬರೋರಿಗೆ ಊಟ ಇಲ್ಲ. ಬಾಗಿಲಿಂದ ಬಂದೋರಿಗೆ ಅರ್ಧ."

ಅವಳ ಹೆಸರು ಬ್ರಯನಿ. ಮನೆ ಮನೆಗೆ ಹೋಗಿ ವಯಸ್ಸಾದವರ ಆರೈಕೆ ಮಾಡುವುದು ಅವಳ ಕೆಲಸ. ಆ ಬಯಲಿನ ಅಂಚಿಗೆ ಒಂದೇ ಒಂದು ಕಲ್ಲುಮನೆ ಉಳಿದಿತ್ತು. ಅದರಲ್ಲಿದ್ದ ಹಳೇ ಕುರುಬ ವಿಲ್ಫ್ ತಾತನಿಗೆ ಸ್ನಾನ, ಮಾತ್ರೆ, ಗಂಜಿ ಎಲ್ಲ ಅವಳದೇ. ಯಾವ ದಿಬ್ಬ ಮನೆ, ಯಾವುದು ಕೊಟ್ಟಿಗೆ ಅಂತ ಕಿಟಕಿಯಿಂದ ಬೆರಳು ಮಾಡಿ ತೋರಿಸಿಕೊಟ್ಟವನು ಆ ತಾತ. ಕೆಲಸ ಮುಗಿದ ಮೇಲೆ ಅವಳು ಈ ದಿಬ್ಬದ ಮನೆಗೆ ಬಂದು ಊಟಕ್ಕೆ ಕೂರುತ್ತಿದ್ದಳು.

ಆಮೇಲಿಂದ ನಾನೂ.

ಅಕ್ಕನ ಮನೆಯ ಮೂಲೆಕೋಣೆಯಲ್ಲಿ ಪೆಟ್ಟಿಗೆಗಳ ನಡುವೆ ಮಲಗುತ್ತಿದ್ದಳು ಅವಳು. ನನ್ನದು ಕುರಿಕೊಟ್ಟಿಗೆಯ ಹಿಂದಿನ ಹಳೇ ಕ್ಯಾರವಾನು, ಚಕ್ರದ ಮೇಲಿನ ಒಂದೇ ಕೋಣೆ. ಒಬ್ಬನೇ ಇರಬೇಕು, ಯಾರನ್ನೂ ಕರೆತರುವ ಹಾಗಿಲ್ಲ ಅಂತ ಎಸ್ಟೇಟಿನ ಕಟ್ಟಪ್ಪಣೆ. ಹಾಗಾಗಿ ನಮಗಿದ್ದದ್ದು ಆ ದಿಬ್ಬದ ಮನೆಯೊಂದೇ.

ಮನೆಯೆಂದರೆ ಮನೆಯೇ. ಇಲ್ಲಿ ಒಲೆ, ಅಲ್ಲಿ ಹಾಸಿಗೆ, ಆ ಮೂಲೆಗೆ ಹಂದಿ. ನಾನು ಜೋರಾಗಿ ನಕ್ಕರೆ ಅವಳು ಬೆರಳು ತುಟಿಗಿಟ್ಟು, "ಮೆಲ್ಲಗೆ ಕಣೋ, ಪಕ್ಕದ ಮನೆಯೋರಿಗೆ ಕೇಳ್ಸುತ್ತೆ. ಆ ಯಮ್ಮನ ಬಾಯಿ ಗೊತ್ತಲ್ಲ ನಿನಗೆ," ಅನ್ನುತ್ತಿದ್ದಳು. ಪಕ್ಕದ ದಿಬ್ಬದ ಮೇಲೆ ಒಂದು ಮುದಿ ಕುರಿ ನಿಂತು ಮೆಲುಕು ಹಾಕುತ್ತಾ ನಮ್ಮನ್ನೇ ನೋಡುತ್ತಿತ್ತು.

ಒಂದು ದಿನ ಏನೋ ಮಾತಿಗೆ ಮಾತು ಬೆಳೆದು ಸಿಟ್ಟು ಬಂತು. ನನಗೆ ಸಿಟ್ಟು ಬರುವುದಕ್ಕೆ ಕಾರಣವೇನೂ ಬೇಕಿರಲಿಲ್ಲ. ದಡದಡನೆ ದಿಬ್ಬ ಹತ್ತಿ ಇಳಿದು ಹೊರಟುಬಿಟ್ಟೆ.

"ಜೆಡ್!" ಹಿಂದಿನಿಂದ ಕೂಗಿದಳು. "ಗೋಡೆ ಒಡೆದು ಹೋದ್ಯಲ್ಲೋ! ವಾಪಸ್ ಬಾ. ಬಂದು ಬಾಗಿಲಿಂದ ಹೋಗು. ಸಿಟ್ಟಾದ್ರೂ ಮನೆ ಮನೇನೇ."

ವಾಪಸ್ ಬಂದೆ. ಬಾಗಿಲಿಂದ ಹೊರಗೆ ಹೋಗಬೇಕು ಅನ್ನುವಷ್ಟರಲ್ಲಿ ನಗು ಬಂತು. ಹೋಗಲಾಗಲಿಲ್ಲ. ಹಿಮಬೆರೆತ ಮಳೆ ಶುರುವಾಗಿತ್ತು. ಅವಳ ರೆಪ್ಪೆಯ ಮೇಲೆ ಒಂದು ಹನಿ ಬೀಳಲೋ ಬೇಡವೋ ಅಂತ ಕೂತಿತ್ತು.

"ಕಿಟಕಿ ಮುಚ್ಚು," ಅಂದಳು ಮೆತ್ತಗೆ.

ನಾನು ಕೈಯೆತ್ತಿ, ಗಾಳಿಯಲ್ಲಿ ಪರದೆ ಎಳೆದೆ. ಅವಳು ಕಣ್ಣು ಮುಚ್ಚಿದಳು. ಅವಳ ತುಟಿ ತಣ್ಣಗಿತ್ತು, ಫ್ಲಾಸ್ಕಿನ ಚಹಾದ ವಾಸನೆಯಿತ್ತು. ಆ ಹನಿ ನನ್ನ ಕೆನ್ನೆಗೆ ಬಿತ್ತು.

ಜನವರಿಯಲ್ಲಿ ವಿಲ್ಫ್ ತಾತ ತೀರಿಕೊಂಡ. ಕಲ್ಲುಮನೆ ಖಾಲಿಯಾಯಿತು. ಆ ವಾರವೇ ಬ್ರಯನಿಯ ಅಕ್ಕ ಬಸುರಿ ಅಂತ ಗೊತ್ತಾಯಿತು. ಮೂಲೆಕೋಣೆ ಇನ್ನು ಮಗುವಿಗೆ. ಆ ಕಲ್ಲುಮನೆ ಸಿಕ್ಕರೆ ಇಬ್ಬರೂ ಅಲ್ಲೇ. ಸಿಗದಿದ್ದರೆ ಅವಳು ಎಲ್ಲಿಗೆ ಅಂತ ಹೇಳಲೂ ಹೆದರುತ್ತಿದ್ದಳು.

ಎಸ್ಟೇಟಿನ ಮ್ಯಾನೇಜರ್ ಕಾರ್ಡ್‌ವೆಲ್ ಹತ್ತಿರ ಹೋಗಿ ಟೋಪಿ ತೆಗೆದು ನಿಂತೆ. ಅವನು ಬಂದು ಕಲ್ಲುಮನೆಯ ಒಳಗೆ ಇಣುಕಿ ಮೂಗು ಮುರಿದ.

"ತೇವ ಹಿಡಿದಿದೆಯಲ್ಲ ಜೆಡ್. ಸೂರು ಬೇರೆ ಸೋರುತ್ತೆ. ನೀನೇ ಬಿಡುವಾದಾಗ ಸರಿ ಮಾಡು. ಆಮೇಲೆ ನೋಡೋಣ."

ಕೈ ಚಾಚಿದ. ಕುಲುಕಿದೆ. ನಮ್ಮ ತಾತನಿಗೆ ಮನೆ ಸಿಕ್ಕಿದ್ದೂ ಹೀಗೇ, ಅಪ್ಪನಿಗೆ ಕೆಲಸ ಸಿಕ್ಕಿದ್ದೂ ಹೀಗೇ. ನಮ್ಮಲ್ಲಿ ಕೈ ಕುಲುಕಿದರೆ ಮುಗಿಯಿತು. ಕಾಗದ ಕೇಳುವುದೆಂದರೆ ಎದುರಿಗಿದ್ದವನನ್ನು ಕಳ್ಳ ಅಂದ ಹಾಗೆ. ಕೇಳಲಿಲ್ಲ.

ಅವಳು ಅಕ್ಕನ ಮನೆಯ ಸೋಫಾದ ಮೇಲೆ ದಿನ ನೂಕಿದಳು. ನಾನು ಕುರಿ ನೋಡಿಕೊಂಡು ಉಳಿದ ಹೊತ್ತೆಲ್ಲ ಆ ಮನೆಗೆ ಬಿದ್ದೆ. ಹೆಂಚು ಬದಲಿಸಿದೆ. ಕೊಳೆತ ಹಲಗೆ ಕಿತ್ತೆ. ಚಿಮಣಿಯೊಳಗಿನ ಹಕ್ಕಿಗೂಡು ಇಳಿಸಿದೆ. ಸುಣ್ಣಕ್ಕೆ ಬೆರಳ ತುದಿ ಬಿರಿಯಿತು. ಅವಳು ಸಂಜೆ ಬಂದು ಆ ಬೆರಳಿಗೆ ಎಣ್ಣೆ ಹಚ್ಚುತ್ತಾ, "ಬಾಗಿಲಿಗೆ ಮಾಗಿದ ಪ್ಲಮ್ ಬಣ್ಣ ಹಾಕೋ. ದೂರದಿಂದ ನೋಡಿದ್ರೆ ನಮ್ಮನೆ ಅಂತ ಗೊತ್ತಾಗ್ಬೇಕು," ಅಂದಳು.

"ದೂರದಿಂದ ನೋಡೋಕೆ ಇನ್ಯಾವ ಮನೆ ಇದೆ ಇಲ್ಲಿ?"

"ಆ ಮನೆ ಇಲ್ವಾ?" ಬಯಲಿನ ದಿಬ್ಬದ ಕಡೆ ಗಲ್ಲ ಎತ್ತಿ ತೋರಿಸಿದಳು. "ಈ ಮನೆಗೆ ಬಂದ ಮೇಲೂ ಊಟ ಅಲ್ಲೇ. ಅದನ್ನ ಖಾಲಿ ಬಿಟ್ರೆ ಪಾಪ ಬರುತ್ತೆ."

ಪ್ಲಮ್ ಬಣ್ಣವೇ ಹಾಕಿದೆ.

ನವೆಂಬರಿನಲ್ಲಿ ಕಾರ್ಡ್‌ವೆಲ್ ಬಂದ. ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬಳು. ಕಿಟಕಿಯಲ್ಲಿ ಹೂದಾನಿ ಇಟ್ಟಳು, ಹಾಸಿಗೆಯಿಲ್ಲದ ಕೋಣೆಗೆ ದಿಂಬು ತಂದಿಟ್ಟಳು. ಆಮೇಲೆ ನನ್ನನ್ನು ನೋಡಿ, "ಆ ಏಣಿ ಸ್ವಲ್ಪ ತೆಗೀತೀರಾ? ಫೋಟೋದಲ್ಲಿ ಬರುತ್ತೆ," ಅಂದಳು.

"ಯಾವ ಫೋಟೋ, ಸರ್?"

"ರಜೆಗೆ ಬರೋರಿಗೆ ಬಾಡಿಗೆಗೆ ಕೊಡ್ತಿದೀವಿ. ಬಣ್ಣ ಬಹಳ ಚೆನ್ನಾಗಿದೆ ಜೆಡ್! ಎಸ್ಟೇಟಿನ ಉಳಿದ ಮನೆಗಳಿಗೂ ಇದನ್ನೇ ಹಾಕೋಣ."

"ನೋಡೋಣ ಅಂದಿದ್ರಿ ನೀವು."

"ಹೂಂ, ಅಂದಿದ್ದೆ," ಅವನು ನಕ್ಕ. ಕೆಟ್ಟ ನಗುವೂ ಅಲ್ಲ ಅದು. ಅದಕ್ಕೇ ಇನ್ನೂ ಉರಿಯುತ್ತದೆ. "ನೋಡಿದ್ವಲ್ಲ."

ಐನೂರು ವರ್ಷದ ಹಿಂದೆ ಇವನಂಥವನೇ ಒಬ್ಬ ಬಂದು ಬಾಗಿಲು ಬಡಿದಿರಬೇಕು. ಅವನಾದರೂ ಮನೆ ಕೆಡವಿ ಹೋದ. ಇವನ ಹಾಗೆ ಅವರ ಕೈಯಲ್ಲೇ ಮನೆ ಕಟ್ಟಿಸಿ ಕಿತ್ತುಕೊಳ್ಳಲಿಲ್ಲ. ಏಣಿಯನ್ನು ಎತ್ತಿ ಆ ಹೂದಾನಿಗೆ ಬೀಸಬೇಕು ಅನ್ನಿಸಿತು. ಕೈ ಏಣಿ ಎತ್ತಿತು, ಫೋಟೋದಿಂದಾಚೆ ಇಟ್ಟಿತು.

ಮಾರ್ಚ್. ಕುರಿಗಳು ಮರಿ ಹಾಕುವ ಕಾಲ. ಗಾಳಿ ತಾಗದ ಜಾಗ ಹುಡುಕಿ ಅವು ಬರುವುದು ಆ ದಿಬ್ಬಗಳ ಒಳಗೇ. ಒಂದು ನಮ್ಮ ಮನೆಯ ಹಾಸಿಗೆ ಮೂಲೆಯಲ್ಲೇ ಮಲಗಿತ್ತು. ಮರಿ ಅಡ್ಡ ಬಂದಿತ್ತು. ನಾನು ಮೊಣಕೈ ತನಕ ಕೈ ತೂರಿಸಿ ಕೂತಿದ್ದಾಗ ಬ್ರಯನಿ ಬಂದಳು. ಬಾಗಿಲಿಂದಲೇ ಬಂದಳು, ಬೂಟು ಒರೆಸಿದಳು. ಹೆಗಲಲ್ಲಿ ದೊಡ್ಡ ಬ್ಯಾಗಿತ್ತು.

"ಗ್ರಿಮ್ಸ್‌ಬಿಯಲ್ಲಿ ಕೆಲಸ ಸಿಕ್ತು. ವೃದ್ಧಾಶ್ರಮ, ಸಮುದ್ರದ ಹತ್ರ. ಜೊತೆಗೆ ಎರಡು ರೂಮೂ ಕೊಡ್ತಾರೆ. ಗೋಡೆ ಇರೋ ರೂಮು ಜೆಡ್. ಒರಗಿಕೊಂಡ್ರೆ ಹಿಂದಕ್ಕೆ ಬೀಳದ ಗೋಡೆ. ಬಾ."

"ಅಲ್ಲಿ ನಾನೇನು ಮಾಡ್ಲಿ? ಮೀನಿಗೆ ಬೇಲಿ ಹಾಕ್ಲಾ?"

ನಕ್ಕಳು. ನಗು ಅರ್ಧಕ್ಕೇ ನಿಂತಿತು. "ತಮಾಷೆ ಬೇಡ ಕಣೋ ಇವತ್ತು."

"ಅವರಿಗೆ ಬೇಕಾಗಿರೋದೇ ಇದು ಬ್ರಯನಿ. ನಾವು ಸದ್ದಿಲ್ಲದೆ ಜಾಗ ಖಾಲಿ ಮಾಡೋದು. ನಾನು ಹೋದ್ರೆ ಅವರು ಗೆದ್ದಂಗೆ."

"ನೀನಿದ್ರೆ ಅವರು ಸೋತಂಗಾ? ಅವರ ಕುರಿ ಕಾಯ್ಕೊಂಡು, ಅವರ ಬೇಲಿ ಕಟ್ಕೊಂಡು ಇಲ್ಲೇ ಇರ್ತೀಯ. ಅದ್ಯಾವ ಸೀಮೆ ಸೇಡೋ ಇದು?"

ಕೈಯೊಳಗೆ ಮರಿಯ ಕಾಲು ಸಿಕ್ಕಿತು. ಮೆಲ್ಲಗೆ ತಿರುಗಿಸಿದೆ.

"ಹಾಳೂರಿಗೆ ಉಳಿದೋನೇ ಗೌಡ ಅಂತಾರೆ," ಅಂದಳು. "ಆಗು. ಒಬ್ಬನೇ ಗೌಡನಾಗಿ ಕೂತ್ಕೋ."

"ಇವುಗಳನ್ನ ಈ ಹೊತ್ತಲ್ಲಿ ಬಿಟ್ಟು ಹೇಗೆ ಬರ್ಲಿ ಹೇಳು? ಸತ್ತುಹೋಗ್ತವೆ."

ಅವಳು ಆ ಕುರಿಯನ್ನು ನೋಡಿದಳು. ಇಳಿಬಿಸಿಲು ದಿಬ್ಬಗಳ ನೆರಳನ್ನು ಉದ್ದಕ್ಕೆ ಎಳೆದಿತ್ತು. ಇಡೀ ಊರು ಒಮ್ಮೆ ಎದ್ದು ಕೂತ ಹಾಗೆ ಕಾಣುತ್ತಿತ್ತು, ಮನೆ ಮನೆಯೂ, ಬೀದಿಯೂ.

"ಮೊದಲ ದಿನಾನೇ ಹೇಳಿದ್ನಲ್ಲ, ನೀನು ಕುರಿ ಪಾರ್ಟಿ ಅಂತ," ಅಂದಳು.

ಮರಿ ಜಾರಿ ಹೊರಗೆ ಬಂತು. ಬಾಯಿ ಒರೆಸಿ, ಮೂಗಿಗೆ ಹುಲ್ಲುಕಡ್ಡಿ ಚುಚ್ಚಿದೆ. ಸೀನಿತು, ಉಸಿರಾಡಿತು. ರಕ್ತ ಮೆತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಎದ್ದುನಿಂತೆ. ಒಂದು ಮಾತು ಇತ್ತು. ಇಷ್ಟು ಕಾಲ ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ.

"ನಿನ್ನ ಬಿಟ್ರೆ ನನಗೆ ಯಾರೂ ಇಲ್ಲ ಕಣೇ. ನೀನಂದ್ರೆ ಪ್ರಾಣ."

"ಗೊತ್ತು ಕಣೋ. ಗೋಡೆ ಇಲ್ಲದ ಮನೇಲಿ ಗುಟ್ಟು ನಿಲ್ಲುತ್ತಾ?"

ನನ್ನ ಎರಡೂ ಕೈ ಹೊಲಸಾಗಿದ್ದವು. ಅವಳೇ ಹತ್ತಿರ ಬಂದು ಹಣೆಗೆ ಹಣೆ ಒತ್ತಿ ನಿಂತಳು. ಅವಳ ರೆಪ್ಪೆ ನನ್ನ ರೆಪ್ಪೆಗೆ ತಾಗಿತು. ಆಮೇಲೆ ಬಾಗಿಲಿಗೆ ಹೋದಳು. ಹೊರಗೆ ಕಾಲಿಟ್ಟು ತಿರುಗಿ, ಗಾಳಿಯಲ್ಲಿ ಕೈಯಿಟ್ಟು ಬಾಗಿಲನ್ನು ಎಳೆದುಕೊಂಡಳು.

"ಚಿಲಕ ಹಾಕ್ಲಾ?"

"ಬೇಡ."

"ಗಾಳಿಗೆ ತೆರ್ಕೊಳ್ಳುತ್ತೆ."

"ತೆರ್ಕೊಳ್ಳಲಿ ಬಿಡು."

ತಗ್ಗಿನ ಬೀದಿಗೆ ಇಳಿದಳು. ಮೊದಲು ಕಾಲು ಮರೆಯಾಯಿತು, ಆಮೇಲೆ ಬ್ಯಾಗು, ಆಮೇಲೆ ತಲೆ.

ಈ ಬೇಸಿಗೆ ಮಳೆಯೇ ಬರಲಿಲ್ಲ. ಹೂತುಹೋದ ಗೋಡೆಕಲ್ಲಿನ ಮೇಲೆ ಹುಲ್ಲು ಮೊದಲು ಒಣಗುತ್ತದೆ. ಜುಲೈ ಹೊತ್ತಿಗೆ ಸ್ಕಾರ್ಬಿಯ ಮನೆಗಳೆಲ್ಲ ಹಳದಿ ಗೆರೆ ಎಳೆದ ಹಾಗೆ ಕಂಡವು. ಕಲ್ಲುಮನೆಯ ಗೇಟಿನ ಕೊಂಡಿ ಬಿಗಿ ಮಾಡುತ್ತಿದ್ದೆ. ಲಂಡನ್ನಿನಿಂದ ರಜೆಗೆ ಬಂದಿದ್ದ ಹೆಂಗಸು ಪ್ಲಮ್ ಬಣ್ಣದ ಬಾಗಿಲು ತೆರೆದು, ಕಾಫಿ ಲೋಟ ಹಿಡಿದು ಹೊರಗೆ ಬಂದಳು.

"ಮಹಡಿ ಕಿಟಕಿಯಿಂದ ಎಲ್ಲ ಕಾಣ್ಸುತ್ತೆ. ಎಷ್ಟು ಚೆಂದ! ಹಳೇ ಊರಂತೆ ಅಲ್ವಾ?"

"ಹೌದು ಮೇಡಂ."

"ಅಲ್ಲೊಂದು ಕಾಲುದಾರಿ ಇದೆಯಲ್ಲ, ದಿಬ್ಬದ ಸಂದಿಗೆ ಹೋಗೋದು? ಅದು ಮಾತ್ರ ಹೊಸದರ ಹಾಗಿದೆ. ಹುಲ್ಲೇ ಇಲ್ಲ."

ತಿರುಗಿ ನೋಡಿದೆ. ದಕ್ಷಿಣದ ಬಾಗಿಲಿಗೆ ಹೋಗುವ ದಾರಿ. ನಮ್ಮ ಕಾಲು ತುಳಿದೂ ತುಳಿದೂ ಬೋಳಾದ ನೆಲ. ಹೊಸ್ತಿಲಿರಬೇಕಾದ ಕಡೆ, ಬೂಟು ಒರೆಸಿದ ಕಡೆ, ಒಂದು ಸಣ್ಣ ಗುಳಿ.

"ಆ ಮನೇಲಿ ಜನ ಇದ್ರಾ, ಇತ್ತೀಚೆಗೆ?"

"ಇದ್ರು. ಮಾರ್ಚ್ ತನಕ."

ಅವಳು ನನ್ನ ಮುಖ ನೋಡಿದಳು. ತಮಾಷೆಯೋ ನಿಜವೋ ಗೊತ್ತಾಗದೆ ಅರ್ಧ ನಕ್ಕಳು. "ಹೌದಾ? ಮತ್ತೆ ಯಾಕೆ ಬಿಟ್ಟು ಹೋದ್ರು?"

ಬಯಲಲ್ಲಿ ಒಂದು ಮರಿ ತಾಯಿಯನ್ನು ಕರೆಯಿತು. ಕೊಂಡಿಯನ್ನು ಕೊನೆಯ ಸುತ್ತು ತಿರುಗಿಸಿ, ಸ್ಪ್ಯಾನರ್ ಜೇಬಿಗಿಟ್ಟುಕೊಂಡೆ.

"ಕುರಿಗಳಿಗೋಸ್ಕರ, ಮೇಡಂ."