ತೆಪ್ಪದ ತಳದ ಇರುವೆಗಳು

ಯುಗಾದಿಯ ಮರುದಿನ, ಮಾರ್ಚ್ 31ರ ಸೋಮವಾರ ಬೆಳಗ್ಗೆ 7.25ಕ್ಕೆ, ತುಮಕೂರು ರಸ್ತೆಯ ಪಕ್ಕದ ಠಾಣೆಗೆ ಫೋನ್ ಬಂತು. ಗುಡ್ಡದಕೆರೆಯಲ್ಲಿ ತೆಪ್ಪ ಮುಳುಗಿದೆ, ಒಬ್ಬರು ನೀರಿನಲ್ಲಿ ಹೋಗಿದ್ದಾರೆ, ಬೇಗ ಬನ್ನಿ ಎಂದು ಒಬ್ಬ ಯುವಕ ಹೇಳಿದ. ಫೋನ್ ಎತ್ತಿದವರು ಎಎಸ್‌ಐ ಚನಬಸಪ್ಪ. ಆ ದಿನ ಹೊಸತೊಡಕು. ಬಾಡೂಟ ಮಾಡುವ ಮನೆಗಳಿಗೆ ಯುಗಾದಿಗಿಂತ ದೊಡ್ಡ ದಿನವಾದ್ದರಿಂದ ಠಾಣೆಯ ಅರ್ಧ ಜನ ರಜೆ ಹಾಕಿದ್ದರು. ಲಿಂಗ ಕಟ್ಟಿದ ಚನಬಸಪ್ಪನವರಿಗೆ ಅದರ ಗೊಡವೆ ಇರಲಿಲ್ಲ. ಕಾರ್ತಿಕದಲ್ಲಿ ಹೆಂಡತಿ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಹಬ್ಬವೂ ಒಂದೇ, ಉಳಿದ ದಿನವೂ ಒಂದೇ. ಆ ಪಾಳಿಯನ್ನು ಅವರೇ ಕೇಳಿ ಪಡೆದಿದ್ದರು.

ಮಾದನಾಯಕನಹಳ್ಳಿ ದಾಟಿ, ಗೋದಾಮುಗಳ ಸಾಲು ಮುಗಿದು, ಕಲ್ಲುಗುಡ್ಡದ ಹಿಂದೆ ಹೋದರೆ ಗುಡ್ಡದಕೆರೆ. ಅಲ್ಲಿಗೆ ಬಸ್ಸಿಲ್ಲ, ಸರಿಯಾದ ರಸ್ತೆಯೂ ಇಲ್ಲ. ದಡದ ಹೊಂಗೆಮರಗಳು ಆಗತಾನೇ ಚಿಗುರಿ ನಿಂತಿದ್ದವು. ನೀರು ಮಾತ್ರ ಕಪ್ಪಾಗಿ, ಒಂದು ಅಲೆಯೂ ಇಲ್ಲದೆ, ಏನೂ ಆಗಿಲ್ಲವೆಂಬಂತೆ ಮಲಗಿತ್ತು. ಚನಬಸಪ್ಪನವರಿಗೆ ಆ ನೀರನ್ನು ನೋಡಿದ ಕೂಡಲೇ ಮನಸ್ಸಿಗೆ ಸರಿಬರಲಿಲ್ಲ.

ಅಗ್ನಿಶಾಮಕದವರು 10.50ಕ್ಕೆ ಶವ ತೆಗೆದರು. ಸತ್ತವನು ಶ್ರೀಕಾಂತ್, ನಲವತ್ತೊಂದು ವರ್ಷ, ಪೀಣ್ಯದ, ತಗಡು ಒತ್ತುವ ಒಂದು ಪ್ರೆಸ್ ಕಾರ್ಖಾನೆಯ ಸೂಪರ್‌ವೈಸರ್. ವರ್ಷಕ್ಕೊಮ್ಮೆ ಹೊಸತೊಡಕಿನ ದಿನ ಅವನು ಜೊತೆಯವರನ್ನು ಕಟ್ಟಿಕೊಂಡು ಇಲ್ಲಿ ಕುಚ್ಚು ಮೀನಿಗೆ ಗಾಳ ಹಾಕಲು ಬರುತ್ತಿದ್ದ. ಮೊದಲ ಸುತ್ತು ಅವನೊಬ್ಬನದೇ. ಇನ್ನೊಬ್ಬರು ತೆಪ್ಪದಲ್ಲಿದ್ದರೆ ಮಾತಾಡುತ್ತಾರೆ, ಮೀನು ಓಡುತ್ತದೆ ಎನ್ನುತ್ತಿದ್ದ. ಈಜು ಬಾರದು. ಈ ಸಲ ಜೊತೆಗೆ ಬಂದವರು ಇಬ್ಬರು: ಫೋನ್ ಮಾಡಿದ ಸಿದ್ಧಾರ್ಥ್, ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ಹುಡುಗ, ಇನ್ನೊಬ್ಬ ಟೂಲ್ ರೂಮಿನ ಹಿರಿಯ ಫಿಟ್ಟರ್ ಬಸಲಿಂಗ.

ಸಿದ್ಧಾರ್ಥ್ ಹೇಳಿದ್ದು ಇಷ್ಟು. 6.20ಕ್ಕೆ ಶ್ರೀಕಾಂತ್ ಹುಟ್ಟು ಹಾಕುತ್ತಾ ಹೋದ. ಏಳರ ಹೊತ್ತಿಗೆ ಕೆರೆಯ ನಡುವಿನಿಂದ ಕೂಗಿದ. ನೀರು ಬರ್ತಿದೆ ಅಂದ. ಗಾಬರಿಯಿಂದ ಎದ್ದು ನಿಂತ. ತೆಪ್ಪ ಮಗುಚಿತು. ಸಿದ್ಧಾರ್ಥ್ ಎದೆಮಟ್ಟದ ನೀರಿನ ತನಕ ಓಡಿ ವಾಪಸ್ ಬಂದಿದ್ದ. ಅವನಿಗೂ ಈಜು ಬಾರದು.

"ಬಸಲಿಂಗ ಏನು ಮಾಡ್ತಿದ್ರು?"

"ಚಹಾ ಕಾಯಿಸ್ತಿದ್ರು ಸಾರ್. ಅವರಿಗೆ ಕೈಕಾಲು ಆಡ್ಲಿಲ್ಲ ಅನ್ಸುತ್ತೆ. ಕೂತಿದ್ದೋರು ಕೂತೇ ಇದ್ರು."

ಹಗ್ಗ ಹಾಕಿ ತೆಪ್ಪವನ್ನು ಎಳೆದು ತಂದರು. ಫೈಬರ್ ತೆಪ್ಪ, ದುಂಡಗಿನದು, ಹಳೆಯದು. ತಳದಲ್ಲಿ ಬೆರಳು ಹೋಗುವಷ್ಟು ತೂತು. ಪಂಚರ ಎದುರು ಅಳತೆ ತೆಗೆದು ಪಂಚನಾಮೆಯಲ್ಲಿ ಬರೆದದ್ದು ಹದಿನಾರು ಮಿಲಿಮೀಟರ್.

ತೆಪ್ಪದ ಒಡತಿ ಮುನಿಯಕ್ಕ, ಐವತ್ತೈದರ ವಿಧವೆ. ಮೀನು ಹಿಡಿದು, ಬಂದವರಿಗೆ ತೆಪ್ಪ ಬಾಡಿಗೆಗೆ ಕೊಟ್ಟು ಬದುಕುವವಳು. ಯಾವಾಗಲೂ ದಡದಲ್ಲೇ ಕಾದು ನಿಲ್ಲುತ್ತಿದ್ದವಳು ಅಂದು ಮಾತ್ರ ತೆಪ್ಪ ಕೊಟ್ಟು ಬಾಡಿನಂಗಡಿಯ ಮುಂದೆ ಸಾಲು ನಿಂತಿದ್ದಳು. ಮಧ್ಯಾಹ್ನ 1.15ಕ್ಕೆ ಮೃತನ ಹೆಂಡತಿ ಊರ್ಮಿಳಾ ಠಾಣೆಗೆ ಬಂದು ಬರೆದುಕೊಟ್ಟ ದೂರಿನಲ್ಲಿ ಇದ್ದದ್ದು ಇವಳ ಹೆಸರೇ. ತೂತು ತೆಪ್ಪ ಕೊಟ್ಟು ನನ್ನ ಗಂಡನನ್ನು ಕೊಂದಳು, ಇವಳನ್ನು ಬಿಡಬೇಡಿ ಎಂದು ಅತ್ತಳು. ಅಜಾಗರೂಕತೆಯಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿ ಮುನಿಯಕ್ಕ.

"ಅಂಗಲ್ಲ ಸಾಮಿ," ಎಂದಳು ಮುನಿಯಕ್ಕ, ಬೆಂಚಿನ ತುದಿಯಲ್ಲಿ ಮುದುರಿ ಕೂತು. "ಶನಿವಾರ ನಾನೇ ತೆಪ್ಪದಾಗೆ ಓಗಿ ಬಲೆ ಬಿಟ್ಟಿವ್ನಿ. ಒಂದು ತೊಟ್ಟು ನೀರು ಬಂದಿಲ್ಲ. ಗಂಗಮ್ಮನ ಕಲ್ಲಿನ ಅತ್ರ ಮಗುಚಿ ಇಡೋದು ನಮ್ಮ ಪದ್ಧತಿ. ಇವತ್ತು ಬೆಳಕು ಅರಿಯೋ ಮುಂಚೆ ಎತ್ತಿ ತಿರುವಿದ್ರೆ ತಳದ ಮ್ಯಾಲೆಲ್ಲ ಇರುವೆ ಸಾಲು. ಸೆರಗಿನಾಗೆ ಕೊಡವಿದೆ. ಇಪ್ಪತ್ತು ವರ್ಸದಾಗೆ ತೆಪ್ಪಕ್ಕೆ ಇರುವೆ ಅತ್ತಿದ್ದು ಕಂಡಿಲ್ಲ."

ಕತ್ತಲಲ್ಲಿ ತೂತು ಕಾಣಲಿಲ್ಲವೇ ಎಂದು ಕೇಳಿದರೆ, ತೂತೇ ಇರಲಿಲ್ಲ ಎಂದು ಒಂದೇ ಪಟ್ಟು. ಇನ್ಸ್‌ಪೆಕ್ಟರ್ ಯಮುನಾ ಚಿಕ್ಕ ವಯಸ್ಸಿನ ಅಧಿಕಾರಿ, ಮಾತು ಕಡಿಮೆ. ಹೊತ್ತು ಮುಳುಗುವ ಮೊದಲು ಮುನಿಯಕ್ಕನನ್ನು ಮನೆಗೆ ಕಳಿಸಿ, ಚನಬಸಪ್ಪನವರನ್ನು ಒಳಗೆ ಕರೆದರು.

"ಬುಧವಾರ ಬೆಳಗ್ಗೆ ಅರೆಸ್ಟ್ ತೋರಿಸ್ಬೇಕು ಚನಬಸಪ್ಪನವರೇ. ಮೇಲಿಂದ ಫೋನ್ ಬರ್ತಿದೆ. ಅಷ್ಟರಲ್ಲಿ ಬೇರೆ ಏನಾದ್ರೂ ಇದ್ರೆ ತನ್ನಿ."

ಚನಬಸಪ್ಪನವರ ಮನಸ್ಸಿನಲ್ಲಿ ಎರಡು ಮುಳ್ಳು ಆಡುತ್ತಿದ್ದವು. ಒಂದು, ಆ ಇರುವೆ. ಇನ್ನೊಂದು, ದಡದಲ್ಲಿ ಬಸಲಿಂಗನ ಹೇಳಿಕೆ ಬರೆದುಕೊಳ್ಳುವಾಗ ಕಂಡದ್ದು: ಅವನ ಅಂಗಿಯ ಒಳಗೆ ಲಿಂಗದ ಕರಡಿಗೆಯ ದಾರ. ಸುರಪುರ ಕಡೆಯವನು, ಹಣೆಗೆ ಮೂರು ಬೆರಳಿನ ವಿಭೂತಿ. ಸೋಮವಾರದ ದಿನ, ಲಿಂಗ ಕಟ್ಟಿದವನು, ಮೀನಿನ ಒಲೆಯ ಮುಂದೆ ಯಾಕೆ ಕೂತಿದ್ದ?

ಮಂಗಳವಾರ ಬೆಳಗ್ಗೆ 9.30ಕ್ಕೆ ಅವರು ಠಾಣೆಯ ಹಿತ್ತಲಲ್ಲಿ ತೆಪ್ಪದ ಮುಂದೆ ಕುಕ್ಕರುಗಾಲಲ್ಲಿ ಕೂತು ಆ ತೂತಿನೊಳಗೆ ಬೆರಳು ಆಡಿಸಿದರು. ಫೈಬರ್ ಒಡೆದರೆ ಎಳೆ ಎಳೆಯಾಗಿ ಕೈಗೆ ಚುಚ್ಚಬೇಕು. ಇದು ಬಳೆಯ ಒಳಮೈಯಂತೆ ನುಣುಪಾಗಿತ್ತು. ಸಿದ್ಧಾರ್ಥ್‌ನನ್ನು ಕರೆಸಿ, ಏನೂ ಹೇಳದೆ, ನೀನೂ ಮುಟ್ಟಿ ನೋಡು ಎಂದರು.

ಹುಡುಗ ತೂತನ್ನು ಮೇಲಿಂದ, ಕೆಳಗಿಂದ ಉಗುರಿನಲ್ಲಿ ಸವರಿ ನೋಡಿದ. ತನ್ನ ಕೆಲಸದ ವಿಷಯ ಬಂದ ಕೂಡಲೇ ಅವನ ದನಿಗೆ ಜೀವ ಬಂತು.

"ಡ್ರಿಲ್ ಹೊಡೆದಿರೋದು ಸಾರ್. ಡ್ರಿಲ್ ಹೊಡೆದ್ರೆ ಅಂಚಲ್ಲಿ ಮುಳ್ಳು ಮುಳ್ಳಾಗಿ ನಿಲ್ಲುತ್ತೆ, ಅದಕ್ಕೆ ನಾವು ಬರ್ ಅಂತೀವಿ. ಇಲ್ಲಿ ಎರಡೂ ಕಡೆ ಬರ್ ತೆಗ್ದಿದಾರೆ, ದೊಡ್ಡ ಕೊರೆಯೋ ಕಡ್ಡಿ, ಬಿಟ್ ಅಂತೀವಿ, ಅದನ್ನ ಕೈಯಲ್ಲೇ ತಿರುಗಿಸಿ. ಕದ್ದು ತೂತು ಹೊಡೆಯೋನು ಇಷ್ಟೆಲ್ಲಾ ಮಾಡಲ್ಲ ಸಾರ್. ಇದು ಕೈಗೆ ಅಭ್ಯಾಸ ಆಗ್ಬಿಟ್ಟಿರೋರ ಕೆಲಸ. ನಮ್ಮಲ್ಲಿ ಬಸಲಿಂಗಣ್ಣ ಒಬ್ರೇ, ಸ್ಕ್ರ್ಯಾಪಿಗೆ ಹೋಗೋ ಪೀಸಲ್ಲೂ ಬರ್ ಬಿಡಲ್ಲ..."

ಹುಡುಗ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಅವನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ. ಬಸಲಿಂಗಣ್ಣ ಮೀನಿಗೆ ಬಂದದ್ದು ಇದೇ ಮೊದಲು. ತಾನೇ ಕೇಳಿಕೊಂಡು ಬಂದದ್ದು. ತೆಪ್ಪ ಗೊತ್ತು ಮಾಡುತ್ತೇನೆಂದು ಯುಗಾದಿಯ ಸಂಜೆ ಒಬ್ಬನೇ ಕೆರೆಗೆ ಹೋಗಿದ್ದ.

ಮುನಿಯಕ್ಕನೂ ಹೌದೆಂದಳು. ಆ ಯಜಮಾನ್ರು ಹೋಳಿಗೆ ತಂದುಕೊಟ್ಟರು, ಹಬ್ಬದ ದಿನ ಖಾಲಿ ಡಬ್ಬಿ ವಾಪಸ್ ಕೊಡಬಾರದೆಂದು ನಾನು ಮನೆಗೆ ಹೋಗಿ ಅಕ್ಕಿ, ವೀಳ್ಯದೆಲೆ ಹಾಕಿಕೊಂಡು ಬಂದೆ; ಹೋಗಿ ಬರಲು ಅರ್ಧ ಗಂಟೆ. ಅಷ್ಟು ಹೊತ್ತು ಅವರು ತೆಪ್ಪದ ಹತ್ತಿರವೇ ಇದ್ದರು. "ಒಳ್ಳೆ ಮನ್ಸ. ಓಗ್ವಾಗ ಗಂಗಮ್ಮನಿಗೆ ಕೈ ಮುಗಿದೇ ಓದ್ರು," ಎಂದಳು.

ತೂತಿತ್ತು ಸರಿ. ಹಾಗಾದರೆ ಶ್ರೀಕಾಂತ್ ಹತ್ತಿದ ಕೂಡಲೇ ನೀರು ಯಾಕೆ ಬರಲಿಲ್ಲ? ಮಧ್ಯಾಹ್ನ ಚನಬಸಪ್ಪ ಅಂಗಡಿಯಿಂದ ಒಂದು ಅಚ್ಚು ಬೆಲ್ಲ ತರಿಸಿದರು. ಹಳೆಯ ಪ್ಲಾಸ್ಟಿಕ್ ಬೋಗುಣಿಯ ತಳದಲ್ಲಿ ಅದೇ ಅಳತೆಯ ತೂತು ಕೊರೆಸಿ, ಬೆಲ್ಲವನ್ನು ಬಿರಡೆಯಂತೆ ಕೆತ್ತಿ ತುರುಕಿ, ಬೆಂಚಿನ ಪಕ್ಕದ ನೀರಿನ ಬಕೆಟ್ಟಿನಲ್ಲಿ ತೇಲಿಬಿಟ್ಟರು. ಇನ್ಸ್‌ಪೆಕ್ಟರ್ ಯಮುನಾ ಕುರ್ಚಿ ಎಳೆದುಕೊಂಡು ಕೂತರು. ಹತ್ತು ನಿಮಿಷ ಬೋಗುಣಿ ಒಣಗಿಯೇ ಇತ್ತು. ಹದಿನೇಳನೇ ನಿಮಿಷಕ್ಕೆ ಬಿರಡೆಯ ಸುತ್ತ ಕಂದು ಬಣ್ಣದ ಎಳೆ ಬಿಟ್ಟಿತು. ಇಪ್ಪತ್ತೆರಡಕ್ಕೆ ಬೆಲ್ಲ ಕರಗಿ ಜಾರಿ, ನೀರು ಸದ್ದಿಲ್ಲದೆ ಒಳಗೆ ಏರತೊಡಗಿತು. ಬೋಗುಣಿ ಮುಳುಗುವವರೆಗೂ ಇಬ್ಬರೂ ನೋಡುತ್ತಲೇ ಇದ್ದರು.

"ಇರುವೆ ಸುಳ್ಳು ಹೇಳಲಿಲ್ಲ," ಎಂದರು ಚನಬಸಪ್ಪ.

ಸಂಜೆ 5.40ಕ್ಕೆ ಬಸಲಿಂಗನನ್ನು ಕರೆತಂದರು. ಅವನು ಕರೆದದ್ದೇ ತಡ ಬಂದ. ಕೈಕಟ್ಟಿ ನಿಂತ, ಕೂರು ಎಂದರೂ ಕೂರಲಿಲ್ಲ.

"ಮೀನ ತಿನ್ನದವ್ರು ಮೀನ ಹಿಡಿಯಾಕ ಯಾಕ ಹೋಗಿದ್ರಿ ಬಸಲಿಂಗಣ್ಣ?" ಚನಬಸಪ್ಪ ತಮ್ಮಿಬ್ಬರ ಸೀಮೆಯ ಮಾತಿನಲ್ಲೇ ಕೇಳಿದರು.

"ಸಾಹೇಬ್ರು ಕರದಿದ್ರು ರೀ."

"ಅವ್ರು ಕರದಿಲ್ಲ. ನೀವಾ ಕೇಳೀರಿ. ಡ್ರಿಲ್ ಎಲ್ಲಿ ಐತಿ?"

ಬಸಲಿಂಗ ಕಟ್ಟಿದ ಕೈ ಬಿಚ್ಚದೆ ಗೋಡೆ ನೋಡುತ್ತಾ ನಿಂತ. ಅರ್ಧ ಗಂಟೆ ಹೀಗೇ ಕಳೆಯಿತು. ಕಲ್ಲಿಗೆ ಮಾತು ಬಂದರೂ ಇವನಿಗೆ ಬರುವ ಹಾಗಿರಲಿಲ್ಲ. ಕೊನೆಗೆ ಚನಬಸಪ್ಪ ಎಫ್‌ಐಆರ್‌ನ ಪ್ರತಿಯನ್ನು ಅವನ ಮುಂದೆ ಇಟ್ಟರು. ನಾಳೆ ಬೆಳಗ್ಗೆ ಮುನಿಯಕ್ಕನನ್ನು ದಸ್ತಗಿರಿ ಮಾಡುತ್ತಾರೆ, ನೀವು ಹೋಳಿಗೆ ಕೊಟ್ಟು ಬಂದ ಹೆಣ್ಣುಮಗಳು ಜೈಲಿಗೆ ಹೋಗುತ್ತಾಳೆ ಎಂದರು. ಬಸಲಿಂಗ ಕನ್ನಡಕ ಏರಿಸಿಕೊಂಡು ಓದಿದ. ಒಂದು ಕಡೆ ಅವನ ಬೆರಳು ನಿಂತಿತು.

"ಅಜಾಗರೂಕತೆ," ಎಂದು ನಿಧಾನವಾಗಿ ಉಚ್ಚರಿಸಿದ. "ಆಕೀಗೂ ಇದನ್ನ ಬರದೀರೇನು?"

"ಬರದೀವಿ."

"ತಪ್ಪ ಬರದೀರಿ. ಆಕೀದು ಏನೂ ಇಲ್ಲ. ಅಳಸ್ರಿ ಅದನ್ನ." ಅವನು ಆಗ ಕೂತ. "ಡ್ರಿಲ್ ಮನ್ಯಾಗ ಐತಿ. ಅಟ್ಟದ ಮ್ಯಾಲ."

ಲಗ್ಗೆರೆಯ ಅವನ ಬಾಡಿಗೆ ಕೋಣೆಯಲ್ಲಿ ಪಂಚರ ಸಮಕ್ಷಮ ಬ್ಯಾಟರಿ ಡ್ರಿಲ್, ಹದಿನಾರರ ಬಿಟ್, ಅದಕ್ಕಿಂತ ದೊಡ್ಡದೊಂದು ಬಿಟ್ ಸಿಕ್ಕವು. ಎಲ್ಲವನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. ಬಿಟ್ಟಿನ ಸುರುಳಿಯಲ್ಲಿ ಫೈಬರ್ ಪುಡಿ ಇತ್ತು. ಅಡುಗೆ ಮೂಲೆಯ ಡಬ್ಬಿಯಲ್ಲಿ ದುಂಡಗೆ ಕೆತ್ತಿ ತೆಗೆದ ಅಚ್ಚು ಬೆಲ್ಲ. ರಾತ್ರಿ 7.50ಕ್ಕೆ ಬಸಲಿಂಗನ ದಸ್ತಗಿರಿಯಾಯಿತು. ಪ್ರಕರಣ ಕೊಲೆಯೆಂದು ಬದಲಾಯಿತು, ಮುನಿಯಕ್ಕನ ಹೆಸರನ್ನು ಕೈಬಿಡಲು ವರದಿ ಹೋಯಿತು.

ಕಾರಣ ಕಾರ್ಖಾನೆಯ ಕಡತದಲ್ಲಿ ಅರ್ಧ, ಬಸಲಿಂಗನ ಹೇಳಿಕೆಯಲ್ಲಿ ಅರ್ಧ ಇತ್ತು. ಬಸಲಿಂಗನ ಮಗಳು ಭಾಗ್ಯಶ್ರೀ ಅಲ್ಲೇ ಪವರ್ ಪ್ರೆಸ್ ನಡೆಸುತ್ತಿದ್ದಳು. ಆ ಯಂತ್ರಕ್ಕೆ ಎರಡು ಗುಂಡಿ. ಎರಡೂ ಕೈಯಲ್ಲಿ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು, ಕೈ ಅಡಿಯಲ್ಲಿ ಸಿಗಬಾರದೆಂದು. ಬೇಗ ಬೇಗ ಮಾಲು ಬರಲೆಂದು ಶ್ರೀಕಾಂತ್ ಎಡಗುಂಡಿಯನ್ನು ತಂತಿ ಕಟ್ಟಿ ಒತ್ತಿಸಿಟ್ಟಿದ್ದ. ಸೆಪ್ಟೆಂಬರ್ 18ರಂದು ಮಗಳ ಎಡಗೈ ಮಣಿಕಟ್ಟಿನ ತನಕ ಹೋಯಿತು. ಅವಳು ಆಸ್ಪತ್ರೆ ಸೇರುವಷ್ಟರಲ್ಲಿ ತಂತಿ ಬಿಚ್ಚಲಾಗಿತ್ತು. ವರದಿಯಲ್ಲಿ ಶ್ರೀಕಾಂತ್ ಸಹಿ ಹಾಕಿ ಬರೆದದ್ದು ಒಂದೇ ಸಾಲು: ಕೆಲಸಗಾರ್ತಿಯ ಅಜಾಗರೂಕತೆಯಿಂದ.

ಬುಧವಾರ ಬೆಳಗ್ಗೆ 6.30ಕ್ಕೆ ಚನಬಸಪ್ಪ ದಸ್ತಗಿರಿಯ ತಿಳುವಳಿಕೆ ಪತ್ರ ಹಿಡಿದು ಲಗ್ಗೆರೆಗೆ ಹೋದರು. ಭಾಗ್ಯಶ್ರೀ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ ಕೂತಿದ್ದಳು. ಮುಂದೆ ಒಂದು ಮಣೆ, ಮಣೆಯ ಮೇಲೆ ಇಷ್ಟಲಿಂಗ. ಲಿಂಗವನ್ನು ಎಡಗೈಯಲ್ಲಿ ಹಿಡಿದು ಪೂಜಿಸುವುದು ರೂಢಿ. ಅವಳಿಗೆ ಆ ಕೈ ಇರಲಿಲ್ಲ.

"ಕೈ ಹೋದಾಗಿಂದ ಅಪ್ಪನ ಅಂಗೈ ಮ್ಯಾಲ ಇಟ್ಟು ಪೂಜೆ ಮಾಡ್ತಿದ್ದೆ ರೀ," ಎಂದಳು, ಅವರು ಕೇಳದೆಯೇ. "ದಿನಾ ಅಪ್ಪ ಕೈ ಹಿಡೀತಿದ್ರು. ಸೋಮವಾರ ಐದಕ್ಕ ಎದ್ದು ಹೊರಟಾಗ ಹಿಡೀಲಿಲ್ಲ. ಇವತ್ತಿನಿಂದ ಮಣಿ ಮ್ಯಾಲ ಇಟ್ಕೊ, ನನ್ನ ಕೈಗೆ ಸೂತಕ ಐತಿ ಅಂದ್ರು. ನಮಗ ಎಲ್ಲೀದು ಸೂತಕ ಅಪ್ಪಾ ಅಂದೆ. ಚಪ್ಪಲಿ ಮೆಟ್ಟಿ ಹೊರಟೇಬಿಟ್ರು."

ಚನಬಸಪ್ಪನವರಿಗೆ ಗೊತ್ತಿತ್ತು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ. ಹೆಂಡತಿಯ ದೇಹ ನಡುಮನೆಯಲ್ಲಿ ಇದ್ದಾಗಲೂ ಅವರು ಎಂದಿನಂತೆ ಪೂಜೆ ಮಾಡಿದ್ದರು. ಆದರೆ ಅವರ ತಲೆಯಲ್ಲಿ ತಿರುಗುತ್ತಿದ್ದದ್ದು ಆ ಗಂಟೆ. ಸೋಮವಾರ ಐದು ಗಂಟೆಗೆ ತೆಪ್ಪ ಇನ್ನೂ ಗಂಗಮ್ಮನ ಕಲ್ಲಿನ ಹತ್ತಿರ ಬೋರಲು ಬಿದ್ದಿತ್ತು. ಶ್ರೀಕಾಂತ್ ಇನ್ನೂ ಬದುಕಿದ್ದ. ಬಸಲಿಂಗ ಮನಸ್ಸು ಬದಲಿಸಿ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಐದು ಗಂಟೆ ಎಂಬುದನ್ನು ಮಾತ್ರ ಹೇಳಿಕೆಯಲ್ಲಿ ಬರೆದುಕೊಂಡರು, ಬರೆಯದೆ ಬಿಡುವ ಹಾಗಿರಲಿಲ್ಲ. ಆಮೇಲೆ ತಿಳುವಳಿಕೆ ಪತ್ರವನ್ನು ನೆಲದ ಮೇಲೆ ಹರಡಿ ಸಹಿ ಮಾಡಲು ಪೆನ್ನು ಕೊಟ್ಟರು. ಭಾಗ್ಯಶ್ರೀ ಬಲಗೈಯಲ್ಲಿ ಬರೆಯಹೋದಳು. ಹಿಡಿಯಲು ಇನ್ನೊಂದು ಕೈಯಿಲ್ಲದೆ ಕಾಗದ ಜಾರಿತು. ಮತ್ತೆ ಬರೆಯಹೋದಳು, ಮತ್ತೆ ಜಾರಿತು.

ಚನಬಸಪ್ಪ ಕೆಳಗೆ ಕೂತು, ತಮ್ಮ ಎಡ ಅಂಗೈಯನ್ನು ಕಾಗದದ ಮೇಲೆ ಊರಿ ಹಿಡಿದರು. ಅವಳು ಅಪ್ಪನ ಹೆಸರಿನ ಕೆಳಗೆ ನಿಧಾನವಾಗಿ, ಅಕ್ಷರ ಅಕ್ಷರವಾಗಿ, ತನ್ನ ಹೆಸರು ಬರೆದಳು.