ಹೊಸ ಪಾಸ್‌ಪೋರ್ಟಿನ ತಪ್ಪು ನಂಬರು

ಹುಡುಗಿಯ ವೀಸಾ ರದ್ದಾಗಿ ಎಂಟು ದಿನವಾಗಿತ್ತು. ಅದು ಅವಳಿಗೆ ಗೊತ್ತೇ ಇರಲಿಲ್ಲ.

ವಿಮಾನ ನಿಲ್ದಾಣದ ಒಳಕೋಣೆಯಲ್ಲಿ ತಪಾಸಣಾಧಿಕಾರಿ ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದಳು. ಈ ಅಧಿಕಾರಿಗೆ ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು ಭೂತಗನ್ನಡಿ. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ಕಳ್ಳ ಮುದ್ರೆಗಳು ಆಕೆಯ ಕಣ್ಣಿಗೆ ಸಿಕ್ಕಿಬಿದ್ದಿದ್ದವು.

“ಓದಮ್ಮ.”

“ಸ್ವಂತ ಇಚ್ಛೆಯಿಂದ ವ್ಯಾಸಂಗ ತ್ಯಜಿಸಿದ್ದಾರೆ. ವೀಸಾ ರದ್ದು.” ಹುಡುಗಿ ಪರದೆಯಿಂದ ತಲೆ ಎತ್ತಿದಳು. “ಮೇಡಂ, ನಾನು ಓದು ಬಿಟ್ಟಿಲ್ಲ. ಅಪ್ಪ ಮೊದಲೇ ನಡೆಯೋಕಾಗದವರು, ಈಗ ಬಿದ್ದು ಸೊಂಟ ಮುರಿದುಕೊಂಡಿದ್ರು, ಆಪರೇಷನ್ನಿಗೆ ಅಂತ ಊರಿಗೆ ಹೋಗಿದ್ದೆ. ಸೋಮವಾರ ನನ್ನ ಪ್ರಬಂಧದ ಮೌಖಿಕ ಪರೀಕ್ಷೆ ಇದೆ.”

ಗಡಿಯಾರ ಹತ್ತು ಗಂಟೆ ತೋರಿಸುತ್ತಿತ್ತು. ಅವಳನ್ನು ವಾಪಸು ಕರೆದೊಯ್ಯುವ ವಿಮಾನ ಎರಡು ಗಂಟೆಗೆ.

ಅಧಿಕಾರಿ ಕಾಗದಗಳನ್ನು ಮೇಜಿನ ಮೇಲೆ ಹರಡಿದಳು. ವೀಸಾ ಇದ್ದ ಹಳೆ ಪಾಸ್‌ಪೋರ್ಟು. ಅವಧಿ ಮುಗಿಯುವ ಮುಂಚೆ ಊರಲ್ಲಿ ಮಾಡಿಸಿಕೊಂಡ ಹೊಸ ಪಾಸ್‌ಪೋರ್ಟು. ವಿಮಾನದ ಟಿಕೆಟ್ಟು. ಕೊನೆಗೆ, ಹೋಗಿ ಬರಲು ವಿಶ್ವವಿದ್ಯಾಲಯ ಸಹಿ ಹಾಕಿಕೊಟ್ಟ ಅನುಮತಿ ಪತ್ರ. ಅಲ್ಲಿಗೆ ಆಕೆಯ ಬೆರಳು ನಿಂತಿತು. ಬಿಟ್ಟುಹೋಗುವವಳು ಮರಳಿ ಬರಲು ಅನುಮತಿ ಯಾಕೆ ತೆಗೆದುಕೊಳ್ಳುತ್ತಾಳೆ?

ಎದೆಯೊಳಗೆ ಹಳೆಯ ಹುರುಪು ಮಿಸುಕಾಡಿತು. ಆಕೆ ವಿಶ್ವವಿದ್ಯಾಲಯಕ್ಕೆ ಫೋನು ಹಚ್ಚಿ, ಹುಡುಗಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

* * *

ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ಕೆಲಸ ನೋಡುವ ಸಲಹೆಗಾರರು ಗಾಬರಿಯಾದರು.

“ಅವಳದೇ ಮೇಲ್ ಐಡಿಯಿಂದ ಪತ್ರ ಬಂದಿತ್ತು ಮೇಡಂ. ಕೈಯಾರೆ ಸಹಿ ಇತ್ತು, ಪಾಸ್‌ಪೋರ್ಟ್ ನಂಬರೂ ಇತ್ತು. ಒಪ್ಪಿಗೆ ಅಂತ ಉತ್ತರಾನೂ ಬರೆದೆ.”

“ನನಗೆ ಯಾವ ಉತ್ತರಾನೂ ಬಂದಿಲ್ಲ,” ಎಂದಳು ಹುಡುಗಿ.

“ಬಂದದ್ದನ್ನ ಯಾರೋ ಅಳಿಸಿರಬೇಕು,” ಎಂದಳು ಅಧಿಕಾರಿ. “ಆ ಪತ್ರ ನನಗೆ ಕಳಿಸಿ ಸರ್. ಅದು ಸುಳ್ಳು ಅಂತ ನಾನು ತೋರಿಸಿಕೊಟ್ರೆ?”

“ಅವಳ ದಾಖಲೆ ಸರಿ ಮಾಡೋದು ಹತ್ತು ನಿಮಿಷದ ಕೆಲಸ. ಅದು ಸರಿಯಾದ್ರೆ ವೀಸಾನೂ ಚಾಲ್ತಿಗೆ ಬರುತ್ತೆ.”

ಅಧಿಕಾರಿ ಹುಡುಗಿಯತ್ತ ತಿರುಗಿದಳು. “ನಿನ್ನ ಮೇಲ್ ಯಾರ ಕೈಗೆ ಸಿಗುತ್ತೆ?”

ಹುಡುಗಿ ತಡವರಿಸಿದಳು. “ಲ್ಯಾಬಿನ ಕಂಪ್ಯೂಟರಲ್ಲಿ ಯಾವಾಗಲೂ ತೆರೆದೇ ಇರುತ್ತೆ. ಪಕ್ಕದಲ್ಲಿ ಕೂರೋದು ನನ್ನ ಜೊತೆಗಾತಿ. ಸೂಕ್ಷ್ಮದರ್ಶಕದ ವಿಷಯಕ್ಕೆ ನಮ್ಮಿಬ್ಬರಿಗೂ ದಿನಾ ಜಗಳ. ನಾನಿಲ್ಲದಿದ್ರೆ ಅದು ಪೂರ್ತಿ ಅವಳಿಗೇ.”

ಲಾಭವೂ ಇತ್ತು, ಅವಕಾಶವೂ ಇತ್ತು. ಅಧಿಕಾರಿ ಜೊತೆಗಾತಿಗೆ ಫೋನು ಮಾಡಿದಳು.

“ಎಲ್ಲಿದ್ದೀರಾ?”

“ನಿಲ್ದಾಣದ ಹೊರಗೇ ನಿಂತಿದ್ದೀನಿ. ಇವಳಿಗೋಸ್ಕರ ಒಂದು ಗಂಟೆ ಹೊತ್ತಿಂದ ಕಾಯ್ತಾ ಇದ್ದೀನಿ. ಏನಾಯ್ತು?”

“ಇವಳ ಪಾಸ್‌ಪೋರ್ಟ್ ನಂಬರ್ ಗೊತ್ತಾ?”

“ಲ್ಯಾಬಿನ ಕಡತದಲ್ಲಿ ಹಳೇದಿದೆ. ಊರಲ್ಲಿ ಹೊಸದು ಮಾಡಿಸಿದಾಳಂತೆ, ಅದನ್ನ ನಾನು ನೋಡಿಲ್ಲ.”

ಅಷ್ಟರಲ್ಲಿ ಪತ್ರ ಪರದೆಗೆ ಬಂತು.

* * *

ನಾಲ್ಕೇ ಸಾಲು. ತಂದೆಯ ಅನಾರೋಗ್ಯ, ಮನೆಯ ಜವಾಬ್ದಾರಿ, ಓದು ನಿಲ್ಲಿಸುತ್ತಿದ್ದೇನೆ. ಕೆಳಗೆ ಸಹಿ, ಸಹಿಯ ಕೆಳಗೆ ಪಾಸ್‌ಪೋರ್ಟ್ ನಂಬರು.

ಅದು ಹಳೆಯ ನಂಬರಲ್ಲ. ಜೊತೆಗಾತಿ ಅಲ್ಲಿಗೆ ಪಾರಾದಳು.

ಆದರೆ ಹೊಸದೂ ಸರಿಯಾಗಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ಕೊನೆಯ ಅಂಕೆ ಮೂರು. ಪತ್ರದಲ್ಲಿ ಎಂಟು.

ಅಧಿಕಾರಿ ಥಟ್ಟನೆ ಟಿಕೆಟ್ಟು ಎಳೆದುಕೊಂಡಳು. ಅದರಲ್ಲೂ ಎಂಟೆಂದೇ ಅಚ್ಚಾಗಿತ್ತು; ಯಾರೋ ಪೆನ್ನಿನಿಂದ ಮೂರು ಮಾಡಿದ್ದರು.

“ಇದನ್ನ ತಿದ್ದಿದ್ದು ಯಾರು?”

“ಹೊರಡುವಾಗ ಕೌಂಟರಿನವರು. ಬುಕ್ ಮಾಡುವಾಗ ತಪ್ಪಾಗಿತ್ತು.”

“ಬುಕ್ ಮಾಡಿದ್ದು?”

“ಅಣ್ಣ. ಪಾಸ್‌ಪೋರ್ಟ್ ಬಂದಾಗ ನಾನು ಆಸ್ಪತ್ರೆಯಲ್ಲಿದ್ದೆ. ಅವನೇ ನಂಬರ್ ಬರೆದಿಟ್ಟುಕೊಂಡ.”

“ಮನೆಯಲ್ಲಿ ಲ್ಯಾಪ್‌ಟಾಪ್ ಬಿಟ್ಟು ಆಸ್ಪತ್ರೆಗೆ ಹೋಗ್ತಿದ್ದೆಯಾ?”

“ಹೌದು. ಮೇಲ್ ಅದರಲ್ಲೂ ತೆರೆದೇ ಇರುತ್ತೆ.”

“ಅಣ್ಣ ಏನು ಕೆಲಸ ಮಾಡ್ತಾರೆ?”

“ಅಂಗಡಿಗಳಿಗೆ ಬೋರ್ಡ್ ಬರೀತಾನೆ. ಯಾರ ಅಕ್ಷರ ಕೊಟ್ಟರೂ ಅಚ್ಚು ಹಾಗೇ…” ಹುಡುಗಿಯ ಮಾತು ಅಲ್ಲೇ ನಿಂತಿತು.

ಅಧಿಕಾರಿ ಮೆತ್ತಗೆ ಬಿಡಿಸಿ ಹೇಳಿದಳು. “ಈ ನಂಬರನ್ನ ತಪ್ಪಾಗಿ ಬರೆದುಕೊಂಡಿದ್ದು ಲೋಕದಲ್ಲಿ ಒಬ್ಬರೇ. ಅದೇ ತಪ್ಪು ಟಿಕೆಟ್ಟಿಗೂ ಹೋಯ್ತು, ಪತ್ರಕ್ಕೂ ಹೋಯ್ತು. ಅವರಿಗೆ ಸಹಿ ಬರೆಯೋ ಕೈಯೂ ಇತ್ತು, ಉತ್ತರ ಅಳಿಸೋಕೆ ಲ್ಯಾಪ್‌ಟಾಪೂ ಇತ್ತು.”

* * *

ಸಲಹೆಗಾರರು ಒಂದು ಫೋನಿನಲ್ಲಿ, ಅಣ್ಣ ಇನ್ನೊಂದರಲ್ಲಿ. ಅಧಿಕಾರಿ ಪತ್ರವನ್ನು ಓದಿ ಹೇಳಿ, ಎರಡೂ ಎಂಟುಗಳ ಲೆಕ್ಕ ಒಪ್ಪಿಸಿದಳು.

“ನಾನೇ ಬರೆದಿದ್ದು,” ಎಂದ ಅಣ್ಣ. “ಐದು ವರ್ಷದಿಂದ ಅಪ್ಪನ್ನ ಒಬ್ಬನೇ ಎತ್ತಿ ಇಳಿಸ್ತಾ ಇದ್ದೀನಿ. ಹೋಗಬೇಡ ಅಂತ ಇವಳ ಮುಖ ನೋಡಿ ಹೇಳೋಕೆ ಬಾಯಿ ಬರಲಿಲ್ಲ. ಅಲ್ಲಿನವರೇ ವಾಪಸು ಕಳಿಸಿದ್ರೆ ಯಾರ ಮೇಲೂ ತಪ್ಪು ಬರಲ್ಲ ಅಂದ್ಕೊಂಡೆ.”

ಹುಡುಗಿ ಮುಖ ಮುಚ್ಚಿಕೊಂಡಳು.

“ದಾಖಲೆ ಸರಿಪಡಿಸ್ತಿದ್ದೀನಿ,” ಎಂದರು ಸಲಹೆಗಾರರು. “ಇವರ ಮೇಲೆ ದೂರು ಕೊಡ್ತೀಯೇನಮ್ಮ?”

ಪರದೆಯ ಮೇಲೆ ‘ರದ್ದು’ ಮಾಯವಾಗಿ ‘ಚಾಲ್ತಿ’ ಬಂತು. ಹನ್ನೆರಡೂ ಕಾಲು. ಇನ್ನು ಮುದ್ರೆ ಒತ್ತುವುದಷ್ಟೇ ಬಾಕಿ.

ಹುಡುಗಿ ಅಣ್ಣನಿದ್ದ ಫೋನನ್ನು ಹತ್ತಿರ ಎಳೆದುಕೊಂಡಳು.

“ದೂರು ಕೊಡಲ್ಲ. ಸೋಮವಾರ ಪರೀಕ್ಷೆ ಮುಗಿಸಿ ಎರಡು ತಿಂಗಳು ಬರ್ತೀನಿ, ಅಪ್ಪನ್ನ ನಾನು ನೋಡ್ಕೋತೀನಿ. ನೀನು ಎಲ್ಲಿಗಾದ್ರೂ ಹೋಗಿ ಬಾ. ಆದ್ರೆ ಅಣ್ಣಾ, ಬಾಯಿ ಬಿಟ್ಟು ಕೇಳಿದ್ರೆ ಬರ್ತಿದ್ದೆ ಕಣೋ.”

ಅಣ್ಣ ಅಳುತ್ತಿದ್ದುದು ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು.

ಅಧಿಕಾರಿ ಮುದ್ರೆ ಒತ್ತಿದಳು. “ಮತ್ತೆ ಹೋಗುವಾಗ ಹೊಸ ಅನುಮತಿ ತಗೊಂಡು ಹೋಗು,” ಎಂದು ಗಡುಸಾಗಿ ಹೇಳಿ, ಬಾಗಿಲು ತೆಗೆದು ಹಿಡಿದಳು.